ನೀರಿನ ಪಾಳಿಗೆ ನಾಲ್ಕು ಸಾಧನ: ವಾಟ್ಸಾಪ್, ಗೂಗಲ್ ಶೀಟ್, ಲೂಮಿಯೋ, ಪೋಲ್.ಇಸ್

ನಮ್ಮ ಉಪಕಾಲುವೆಯಲ್ಲಿ ನೀರಿನ ಪಾಳಿ ನಡೆಸುವುದಕ್ಕೆ ನಾಲ್ಕು ಸಾಧನ ಬಳಸಿ ನೋಡಿದ್ದೇವೆ. ವಾಟ್ಸಾಪ್ ಗುಂಪು, ಎಲ್ಲರೂ ಒಟ್ಟಿಗೆ ತುಂಬಿ ನೋಡಬಹುದಾದ ಗೂಗಲ್ ಶೀಟ್, ಕೂಡಿ ತೀರ್ಮಾನ ಮಾಡುವ ಲೂಮಿಯೋ, ಜನರ ಅಭಿಪ್ರಾಯ ಒಟ್ಟುಗೂಡಿಸುವ ಪೋಲ್.ಇಸ್. ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಶೀಟ್ ಇಟ್ಟುಕೊಳ್ಳುತ್ತೇನೆ. ಎರಡು ಅಂದರೆ ಶೀಟ್ ಜೊತೆ ಲೂಮಿಯೋ. ವಾಟ್ಸಾಪ್ ಹೇಗೂ ಇರುತ್ತದೆ, ಅದನ್ನು ಯಾರೂ ಬಿಡುವುದಿಲ್ಲ. ಆದರೆ ಸಾಧನದಲ್ಲಿ ಎಷ್ಟು ಸೌಲಭ್ಯ ಇದೆ ಅನ್ನುವುದರಿಂದ ಸೋಲು ಗೆಲುವು ಆಗಲಿಲ್ಲ. ಅದರಲ್ಲಿ ಮಾಹಿತಿ ತುಂಬುವವನಿಗೆ ಏನು ಸಿಗುತ್ತದೆ ಅನ್ನುವುದರಿಂದ ಆಯಿತು. ಈ ಒಂದು ಮಾತು ತಿಳಿಯಲಿ ಅಂತಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮ ಊರು ರಾಯಚೂರು ಜಿಲ್ಲೆಯ ಸಿರವಾರ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಸುಮಾರು 227 ಕಿ.ಮೀ. ಉದ್ದದ ಕಾಲುವೆ ಅದು. ಕೊಪ್ಪಳ ಜಿಲ್ಲೆ ದಾಟಿ, ಸಿಂಧನೂರು ದಾಟಿ ನಮ್ಮ ಕಡೆ ಬರಬೇಕು. ಯೋಜನೆ ಮಾಡಿದವರು ಬಹಳಷ್ಟು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಜಲಾಶಯದಲ್ಲಿ ಹೂಳು ತುಂಬಿತು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ. ಹಾಗಾಗಿ 69ನೇ ಮೈಲ್ ಗೇಜ್ (ಕಾಲುವೆಯಲ್ಲಿ ನೀರಿನ ಎತ್ತರದ ಅಳತೆ) ಎಷ್ಟು, 104ನೇ ಮೈಲ್ ಗೇಜ್ ಎಷ್ಟು ಅನ್ನುವುದು ನಮ್ಮಲ್ಲಿ ದಿನಾ ಬೆಳಗಿನ ಮಾತು.

ದೊಡ್ಡ ಕಾಲುವೆಯ ಜಗಳ ನಮ್ಮ ಕೈಯಲ್ಲಿಲ್ಲ. ಅದೇ ಜಗಳ ಸಣ್ಣದಾಗಿ ನಮ್ಮ ಉಪಕಾಲುವೆಯೊಳಗೂ ಇದೆ. ಮೊದಲ ತೂಬಿನವರಿಗೆ ನೀರು ಜಾಸ್ತಿ. ಕೊನೆ ತೂಬಿನವರಿಗೆ ಒಮ್ಮೊಮ್ಮೆ ಹಸಿ ಮಣ್ಣು ಅಷ್ಟೇ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿಯಲ್ಲಿ ನೀರು ಬಿಟ್ಟಾಗಂತೂ ಒಂದು ಪಾಳಿ ತಪ್ಪಿದರೆ ಬೆಳೆ ಒಣಗುತ್ತದೆ. ಇಲ್ಲಿ ಪೂರ್ತಿ ವಿಷಯ ಯಾರೊಬ್ಬರಿಗೂ ಗೊತ್ತಿರುವುದಿಲ್ಲ. ಮೇಲಿನವರು ತೂಬು ಮುಚ್ಚಿಲ್ಲ ಅಂತ ಕೆಳಗಿನವರು ಸಿಟ್ಟಾಗುತ್ತಾರೆ. ಎಷ್ಟೋ ಸಲ ತೂಬು ಮುಚ್ಚಿಯೇ ಇರುತ್ತದೆ, ದೊಡ್ಡ ಕಾಲುವೆಯಿಂದಲೇ ನೀರು ಕಡಿಮೆ ಬಂದು ಗೇಜ್ ಇಳಿದಿರುತ್ತದೆ. ಮೇಲಿನವರಿಗೂ ಕೆಳಗೆ ಒಣಗಿದ್ದು ಕಾಣುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಂಗತಿ ಗೊತ್ತು. ಅವನ್ನೆಲ್ಲ ಒಂದು ಕಡೆ ತಂದು ಎಲ್ಲರಿಗೂ ಕಾಣಿಸುವುದು ಕಂಪ್ಯೂಟರಿನ ಕೆಲಸ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡಗ್ಲಸ್ ಎಂಗೆಲ್‌ಬಾರ್ಟ್ 1962ರಲ್ಲಿ ಬರೆದ ವರದಿಯಲ್ಲೇ ಈ ಗುರಿ ಇತ್ತು: ತೊಡಕಿನ ಸಮಸ್ಯೆ ಎದುರಿಸುವಾಗ ಮನುಷ್ಯರ ಬಲ ಹೆಚ್ಚಿಸುವುದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ದೂರದಲ್ಲಿದ್ದ ಜೊತೆಗಾರನ ಸಂಗಡ ಒಂದೇ ಬರಹದ ಮೇಲೆ ಕೆಲಸ ಮಾಡಿ ತೋರಿಸಿದರು. ಇವತ್ತು ಶೀಟ್‌ನಲ್ಲಿ ನಾವು ಒಟ್ಟಿಗೆ ಬರೆಯುವುದು ಆ ದಾರಿಯಲ್ಲೇ ಬಂದದ್ದು.

ವಾಟ್ಸಾಪ್‌ನಿಂದ ಶುರು ಮಾಡುತ್ತೇನೆ. ವೇಗದಲ್ಲಿ ಅದಕ್ಕೆ ಸಾಟಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಬೆಳಗಾಗುವುದರೊಳಗೆ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಆಮೇಲಿನ ದಿನಗಳಲ್ಲಿ ಒಳಹರಿವು, ಹೊರಹರಿವು, ಉಳಿದ ನೀರು ಅಂತ ಅಂಕಿಗಳು ಬರುತ್ತಲೇ ಇದ್ದವು. ಇದು ಇವತ್ತಿನದಾ, ನಿನ್ನೆಯದಾ ಅಂತ ಫಾರ್ವರ್ಡ್ ನೋಡಿದರೆ ತಿಳಿಯುತ್ತಿರಲಿಲ್ಲ. ಸುಮ್ನೆ ಗಾಬರಿ. ವಾಟ್ಸಾಪ್‌ಗೆ ಹೊಸ ಮಾತು ಮಾತ್ರ ಕಾಣುತ್ತದೆ. ಈಗಿನ ಸ್ಥಿತಿ ಏನು ಅನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ವರ್ನರ್ ಕುಂಜ್ ಮತ್ತು ಹೋರ್ಸ್ಟ್ ರಿಟೆಲ್ 1970ರಲ್ಲಿ ಐಬಿಐಎಸ್ ಅನ್ನುವ ಪದ್ಧತಿ ಮುಂದಿಟ್ಟರು. ಯಾವುದೇ ತೊಡಕಿನ ಚರ್ಚೆಯನ್ನು ಮೂರಾಗಿ ಬಿಡಿಸಿ ಬರೆಯಿರಿ: ಪ್ರಶ್ನೆ, ಅದಕ್ಕೆ ಒಬ್ಬೊಬ್ಬರ ನಿಲುವು, ಆ ನಿಲುವಿಗೆ ಪರ ಮತ್ತು ವಿರೋಧದ ಕಾರಣಗಳು. ನಮ್ಮ ಗುಂಪಿನಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ, ಜೊತೆಗೆ ಶುಭೋದಯದ ಚಿತ್ರ, ಮದುವೆ ಪತ್ರಿಕೆ. ಒಬ್ಬರು ಕಾರಣ ಹೇಳಿದರೆ ಇನ್ನೊಬ್ಬರಿಗೆ ಅದು ಬೈಗುಳದ ಹಾಗೆ ಕೇಳುತ್ತದೆ. ಹಿರಿಯರೊಬ್ಬರು ‘ಆಯ್ತು’ ಅಂತ ಹಾಕಿದ ಮೇಲೆ ಕಿರಿಯರು ಬಾಯಿ ಬಿಡುವುದಿಲ್ಲ. 2022ರಿಂದ ಅದರಲ್ಲೇ ಮತ ಕೇಳುವ ಸೌಲಭ್ಯ ಬಂತು. ಆದರೆ ಯಾರು ಎಲ್ಲಿ ಒತ್ತಿದರು ಅಂತ ಹೆಸರು ಕಾಣುತ್ತದೆ. ಒಂದೇ ಓಣಿಯವರು ಒಂದೇ ಕಡೆ ಒತ್ತಿದರು. ಯಾಕೆ ಅಂತ ಯಾರೂ ಬರೆಯಲಿಲ್ಲ.

ಲೂಮಿಯೋ ಈ ಜಾಗದಲ್ಲಿ ಬಹಳ ಚೆನ್ನಾಗಿದೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ, ಆಕ್ಯುಪೈ ಚಳವಳಿಯಲ್ಲಿ ಕೂಡಿ ತೀರ್ಮಾನ ಮಾಡುವ ಅಭ್ಯಾಸವಿದ್ದವರು ಕಟ್ಟಿದ ಸಾಧನ ಅದು. ಮೊದಲು ಚರ್ಚೆ. ಆಮೇಲೆ ಒಬ್ಬರು ಒಂದು ಪ್ರಸ್ತಾವ ಇಡುತ್ತಾರೆ, ಅದಕ್ಕೆ ಕೊನೆಯ ದಿನ ಇರುತ್ತದೆ. ಒಪ್ಪಿಗೆ, ತಟಸ್ಥ, ಒಪ್ಪಿಗೆ ಇಲ್ಲ, ಬಿಲ್‌ಕುಲ್ ಬೇಡ ಅಂತ ಒತ್ತಬಹುದು. ಪಕ್ಕದಲ್ಲಿ ಕಾರಣ ಬರೆಯುವ ಜಾಗ. ಕೊನೆಯ ದಿನದವರೆಗೆ ಮನಸ್ಸು ಬದಲಾಯಿಸಬಹುದು. ಈ ಕೊನೆಯ ಸೌಲಭ್ಯವೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಮಾತು ಬದಲಾಯಿಸಿದ ಅಂತ ಯಾರೂ ಆಡಿಕೊಳ್ಳುವುದಿಲ್ಲ.

ಒಂದು ಉದಾಹರಣೆ ಹೇಳಲೇಬೇಕು. ಕೊನೆ ತೂಬುಗಳಿಗೆ ಮೊದಲು ನೀರು ಕೊಟ್ಟು ಮೇಲಕ್ಕೆ ಬರೋಣ ಅಂತ ಪ್ರಸ್ತಾವ ಇಟ್ಟೆವು. ಕೆಳಗಿನವರೆಲ್ಲ ಒಪ್ಪುತ್ತಾರೆ ಅಂತಲೇ ಲೆಕ್ಕ. ಕೆಳಗಿನ ತೂಬಿನ ಹಿರಿಯರೇ ಒಬ್ಬರು ಒಪ್ಪಿಗೆ ಇಲ್ಲ ಅಂತ ಒತ್ತಿಸಿದರು. ಮಗನ ಕೈಲಿ ಕಾರಣವನ್ನೂ ಬರೆಸಿದರು: “ಒಣಗಿದ ಕಾಲುವಿ ನೀರು ಕುಡಿತೈತಿ ತಮ್ಮಾ. ಅದು ತುಂಬೋತನಕ ನನ್ನ ಪಾಳಿ ಗಂಟಿ ಓಡ್ತಿರ್ತಾವ. ಹೊಲಕ್ಕ ನೀರು ಎಲ್ಲಿ ಬಂತು?” ಎಷ್ಟು ಸರಿಯಾದ ಮಾತು ನೋಡಿ. ಪಂಜಾಬ್, ಹರಿಯಾಣದಲ್ಲಿ ಸರದಿ ಪ್ರಕಾರ ನೀರು ಹಂಚುವ ವಾರಾಬಂದಿ ಪದ್ಧತಿಯಲ್ಲಿ ಕಾಲುವೆ ತುಂಬುವ ಸಮಯಕ್ಕೆ ಬೇರೆ ಲೆಕ್ಕವೇ ಇದೆ, ಅದನ್ನು ಭರಾಯಿ ಅನ್ನುತ್ತಾರೆ. ಪ್ರಸ್ತಾವ ತಿದ್ದಿದೆವು. ಕಾಲುವೆ ನೆನೆಯುವ ಸಮಯ ಯಾರ ಪಾಳಿಗೂ ಸೇರುವುದಿಲ್ಲ ಅಂತ ಹಾಕಿದೆವು. ಮೇಲಿನವರೂ ಒಪ್ಪಿದರು. ವಾಟ್ಸಾಪ್‌ನಲ್ಲಿ ಆ ಕಾಕಾನ ಮಾತು ಅರ್ಧ ಗಂಟೆಯಲ್ಲಿ ಮೇಲೆ ಸರಿದು ಹೋಗುತ್ತಿತ್ತು.

ಲೂಮಿಯೋದ ತೊಂದರೆ ಇಮೇಲ್. ಫೋನ್ ತಗೊಂಡಾಗ ಅಂಗಡಿಯವರು ಮಾಡಿಕೊಟ್ಟ ಇಮೇಲ್ ಬಹಳ ಜನರಿಗೆ ನೆನಪೇ ಇಲ್ಲ. ಲಾಗಿನ್ ಅನ್ನುವಲ್ಲಿಗೇ ಅರ್ಧ ಜನ ನಿಂತರು. ಹಾಗಾಗಿ ನಮ್ಮ ನೀರು ಬಳಕೆದಾರರ ಸಂಘದ ನಿರ್ದೇಶಕರು ಮತ್ತು ತೂಬಿಗೆ ಒಬ್ಬರಂತೆ ಆರಿಸಿದವರು ಮಾತ್ರ ಅದರಲ್ಲಿ ಉಳಿದರು. ನಿಯಮ ಮಾಡುವ ಕೆಲಸಕ್ಕೆ ಅಷ್ಟು ಸಾಕು. ದಿನದ ಕೆಲಸಕ್ಕೆ ಅದು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಪೋಲ್.ಇಸ್ ಬಗ್ಗೆ ಓದಿದಾಗ ನನಗೆ ಎಲ್ಲಕ್ಕಿಂತ ಆಸೆ ಅದರ ಮೇಲೇ ಇತ್ತು. 2015ರಲ್ಲಿ ತೈವಾನ್‌ನಲ್ಲಿ ಊಬರ್ ಟ್ಯಾಕ್ಸಿ ವಿಚಾರಕ್ಕೆ ಇದನ್ನು ಬಳಸಿದ್ದರು. ಅದರಲ್ಲಿ ಯಾರಿಗೂ ಉತ್ತರ ಕೊಡುವಂತಿಲ್ಲ. ಒಬ್ಬರು ಸಣ್ಣ ಹೇಳಿಕೆ ಬರೆಯುತ್ತಾರೆ, ಉಳಿದವರು ಒಪ್ಪುತ್ತೇನೆ, ಒಪ್ಪಲ್ಲ, ಮುಂದೆ ಹೋಗು ಅಂತ ಒತ್ತುತ್ತಾರೆ. ಒತ್ತಿದ ರೀತಿ ನೋಡಿ ಕಂಪ್ಯೂಟರ್ ಜನರನ್ನು ಗುಂಪುಗಳಾಗಿ ತೋರಿಸುತ್ತದೆ. ಎರಡೂ ಗುಂಪು ಒಪ್ಪಿದ ಮಾತು ಯಾವುದು ಅಂತಲೂ ತೋರಿಸುತ್ತದೆ. ಉತ್ತರ ಕೊಡುವಂತಿಲ್ಲದ ಕಾರಣ ಜಗಳವೇ ಹುಟ್ಟುವುದಿಲ್ಲ. ಲಾಗಿನ್ ಕಾಟವೂ ನಮಗೆ ಬರಲಿಲ್ಲ. ನಮ್ಮಲ್ಲಿ ಮೇಲ್ಭಾಗ, ಕೊನೆ ಭಾಗ ಅಂತ ಎರಡು ಗುಂಪು ಬಂತು. ಅದು ಮೊದಲೇ ಗೊತ್ತಿದ್ದದ್ದು. ಆದರೆ ಹೂಳು ತೆಗೆಯದೆ ಯಾವ ಪಾಳಿಯೂ ನಡೆಯಲ್ಲ, ಗೇಜ್ ಎಲ್ಲರಿಗೂ ಕಾಣಬೇಕು, ಈ ಎರಡು ಮಾತಿಗೆ ಇಬ್ಬರೂ ಒಪ್ಪಿಗೆ ಒತ್ತಿದ್ದರು. ಅಷ್ಟರ ಮಟ್ಟಿಗೆ ಬಹಳ ಉಪಕಾರ ಆಯಿತು. ಆದರೆ ಅದು ನೂರಾರು, ಸಾವಿರಾರು ಜನರಿಗೆ ಮಾಡಿದ ಸಾಧನ. ನಮ್ಮಷ್ಟು ಜನಕ್ಕೆ ಆ ಗುಂಪುಗಳ ಚಿತ್ರ ಹೆಚ್ಚೇನೂ ಹೇಳುವುದಿಲ್ಲ. ಇಡೀ ಎಡದಂಡೆಗೆ ಯಾರಾದರೂ ಇದನ್ನು ಮಾಡಿದರೆ ನಾನು ಮೊದಲು ಹೋಗಿ ಒತ್ತುತ್ತೇನೆ.

ಈಗ ಶೀಟ್. ದಿನಾಂಕ, ಸಮಯ, ಗೇಜ್ ಎಷ್ಟು ಅಡಿ, ಯಾವ ತೂಬು ತೆರೆದಿದೆ, ಮುಂದಿನ ಪಾಳಿ ಯಾರದು. ಇಷ್ಟೇ. ಫೋನಿನಲ್ಲಿ ಶೀಟ್ ತುಂಬುವುದು ಕಷ್ಟ, ಪಕ್ಕದ ಚೌಕದಲ್ಲಿ ಬರೆದದ್ದು ಅಳಿಸಿಹೋಗುತ್ತದೆ ಅಂತ ಭಯ. ಅದಕ್ಕೆ ತುಂಬಲು ಗೂಗಲ್ ಫಾರ್ಮ್, ನೋಡಲು ಶೀಟ್ ಅಂತ ಮಾಡಿದೆವು. ಫಾರ್ಮ್‌ನಲ್ಲಿ ತೂಬಿನ ಸಂಖ್ಯೆ ಆರಿಸಿ, ತೆರೆದಿದೆ ಅಥವಾ ಮುಚ್ಚಿದೆ ಒತ್ತಿದರೆ ಸಾಕು. ಸಮಯ ತಾನೇ ಬೀಳುತ್ತದೆ. ಗೇಜ್ ಫೋಟೋ ಮಾತ್ರ ವಾಟ್ಸಾಪ್‌ಗೆ ಹಾಕಲು ಹೇಳಿದೆವು, ಯಾಕೆಂದರೆ ಫಾರ್ಮ್‌ಗೆ ಫೋಟೋ ಹಾಕಲು ಗೂಗಲ್ ಲಾಗಿನ್ ಬೇಕು.

ಕೊನೆ ಭಾಗದವರು ತಪ್ಪದೆ ತುಂಬಿದರು. ಮೇಲಿನವರು ತುಂಬಲಿಲ್ಲ. ಅರ್ಧ ಖಾಲಿ ಶೀಟ್ ಯಾರಿಗೂ ಬೇಡವಾಯಿತು. ಕೂಡಿ ಕೆಲಸ ಮಾಡುವ ಸಾಫ್ಟ್‌ವೇರ್‌ಗಳು ಯಾಕೆ ಸೋಲುತ್ತವೆ ಅಂತ ಕಂಪ್ಯೂಟರ್ ಸಂಶೋಧಕ ಜೊನಾಥನ್ ಗ್ರೂಡಿನ್ 1988ರಲ್ಲೇ ಬರೆದಿದ್ದರು. ಮೊದಲ ಕಾರಣ ಇದೇ: ಕೆಲಸ ಒಬ್ಬರ ಮೇಲೆ, ಲಾಭ ಇನ್ನೊಬ್ಬರಿಗೆ. ಮೇಲಿನ ರೈತ ತನ್ನ ತೂಬು ತೆರೆದಿದೆ ಅಂತ ಯಾಕೆ ಬರೆಯಬೇಕು ಹೇಳಿ? ಬರೆದರೆ ಬೈಗುಳ, ಬರೆಯದಿದ್ದರೆ ನೀರು.

ದಾರಿ ಸಿಕ್ಕಿದ್ದು ನೇಪಾಳದ ಕಾಲುವೆಗಳ ಬಗ್ಗೆ ಓದಿದಾಗ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಅವರ ಜೊತೆಗಾರರು ಅಲ್ಲಿ ರೈತರೇ ನಡೆಸುವ ಕಾಲುವೆಗಳನ್ನು ಅಭ್ಯಾಸ ಮಾಡಿದ್ದರು. ಕಲ್ಲು ಮಣ್ಣಿನ ಒಡ್ಡು ಇದ್ದ ಕಡೆ ಪ್ರತಿ ವರ್ಷ ಅದನ್ನು ಕಟ್ಟಬೇಕು, ಅದಕ್ಕೆ ಕೊನೆ ಭಾಗದವರ ಕೈ ಬೇಕು. ಆದ್ದರಿಂದ ಮೇಲಿನವರು ನೀರು ಬಿಡುತ್ತಿದ್ದರು. ಸಿಮೆಂಟಿನ ಕಾಯಂ ಒಡ್ಡು ಕಟ್ಟಿದ ಕಡೆ ಆ ಹಂಗು ತಪ್ಪಿತು. ಅಂಥ ಕಡೆ ಕೊನೆ ಭಾಗಕ್ಕೆ ನೀರು ಮುಟ್ಟುವುದು ಕಡಿಮೆಯಾಗಿತ್ತು. ಅಂದರೆ ಮೇಲಿನವನಿಗೆ ಕೆಳಗಿನವನಿಂದ ಏನಾದರೂ ಬೇಕಾಗಿರಬೇಕು.

ನಮ್ಮ ಮೇಲಿನವರಿಗೆ ಎರಡು ಬೇಕಿತ್ತು. ಒಂದು, ಕಳ್ಳರು ಅನ್ನಿಸಿಕೊಳ್ಳದಿರುವುದು. ದೊಡ್ಡ ಕಾಲುವೆಯಿಂದಲೇ ಗೇಜ್ ಇಳಿದಾಗ ಅದನ್ನು ಮೊದಲು ಕಾಣುವವರು ಅವರೇ. ಆ ಹೊತ್ತಿನ ಗೇಜ್ ಬರೆದರೆ ಕೆಳಗೆ ನೀರು ಬರದಿರುವುದಕ್ಕೆ ತಾವು ಕಾರಣ ಅಲ್ಲ ಅಂತ ದಾಖಲೆ ಆಗುತ್ತದೆ. ಹಾಗಾಗಿ ಶೀಟ್‌ನ ಮೊದಲ ಸಾಲಿನಲ್ಲೇ ‘ನಮ್ಮ ಕಾಲುವೆಗೆ ಇವತ್ತು ಬಂದದ್ದು ಎಷ್ಟು’ ಅಂತ ದೊಡ್ಡದಾಗಿ ಕಾಣುವಂತೆ ಮಾಡಿದೆವು. ಎರಡು, ಭತ್ತ ಕಟಾವು ಯಂತ್ರ. ಸುಗ್ಗಿಯಲ್ಲಿ ಯಂತ್ರ ಸಿಗುವುದು ಕಷ್ಟ, ಅಕ್ಕಪಕ್ಕದ ಹೊಲದವರು ಕೂಡಿ ಕರೆಸಿದರೆ ಬೇಗ ಬರುತ್ತದೆ. ಅದೇ ಶೀಟ್‌ನಲ್ಲಿ ಯಂತ್ರದ ಸರದಿಗೂ ಒಂದು ಪುಟ ಇಟ್ಟೆವು. ತೂಬಿನ ಸ್ಥಿತಿ ತುಂಬಿದ ತೂಬಿಗೆ ಯಂತ್ರದ ಸರದಿಯಲ್ಲಿ ಹೆಸರು ಹಾಕುವ ಅವಕಾಶ. ಇದನ್ನು ಲೂಮಿಯೋದಲ್ಲೇ ಪ್ರಸ್ತಾವ ಇಟ್ಟು ಒಪ್ಪಿಸಿದ್ದು. ಅಲ್ಲಿಂದ ಮೇಲಿನವರೂ ತುಂಬಲು ಶುರು ಮಾಡಿದರು. ಎಲ್ಲರೂ ಅಂತ ಹೇಳಲಾರೆ. ಆದರೆ ಶೀಟ್ ನೋಡಿ ನಂಬುವಷ್ಟು ಜನ ತುಂಬುತ್ತಾರೆ.

ಹೋಲಿಕೆಗೆ ಒಂದೇ ಪ್ರಶ್ನೆ ನಾಲ್ಕಕ್ಕೂ ಹಾಕಿ ನೋಡಿ. ‘7ನೇ ತೂಬಿಗೆ ನೀರು ಯಾವಾಗ?’ ವಾಟ್ಸಾಪ್‌ನಲ್ಲಿ ಕೇಳಿದರೆ ಮೂರು ಉತ್ತರ ಬರುತ್ತವೆ, ಮೂರೂ ಬೇರೆ. ಶೀಟ್ ತೆರೆದರೆ ಯಾರನ್ನೂ ಕೇಳದೆ ಗೊತ್ತಾಗುತ್ತದೆ. ಆ ಪಾಳಿ ಯಾಕೆ ಹಾಗೆ ಇಟ್ಟಿದ್ದಾರೆ ಅನ್ನುವುದು ಲೂಮಿಯೋದಲ್ಲಿ ಸಿಗುತ್ತದೆ, ಯಾರು ಒಪ್ಪಿರಲಿಲ್ಲ ಅನ್ನುವುದರ ಸಮೇತ. ಆ ಪಾಳಿ ಎಷ್ಟು ಜನರಿಗೆ ಒಳಗೊಳಗೇ ಬೇಸರ ತಂದಿದೆ ಅಂತ ಪೋಲ್.ಇಸ್ ಹೇಳಬಲ್ಲದು.

ಈ ನಾಲ್ಕೂ ಓದು ಬಲ್ಲವರಿಗೆ, ಸ್ಮಾರ್ಟ್‌ಫೋನ್ ಇದ್ದವರಿಗೆ. ಇದು ನನಗೆ ಈಗಲೂ ಚುಚ್ಚುತ್ತದೆ. ಛತ್ತೀಸ್‌ಗಢದಲ್ಲಿ 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಸಾದಾ ಫೋನಿನಲ್ಲಿ ಮಾತಾಡಿಯೇ ಸುದ್ದಿ, ದೂರು ದಾಖಲಿಸುವಂತೆ ಮಾಡಿತು. ನಮಗೂ ಅಂಥದ್ದೇ ಬೇಕು. ಗೇಜ್ ಓದಿ ಫೋನಿಗೆ ಹೇಳಿದರೆ ಶೀಟ್‌ಗೆ ಬೀಳಬೇಕು. ಸದ್ಯಕ್ಕೆ ದಿನಾ ಬೆಳಗ್ಗೆ ಶೀಟ್‌ನ ಮೊದಲ ಸಾಲನ್ನು ಸಂಘದ ಕಚೇರಿಯ ಹಲಗೆ ಮೇಲೆ ಸೀಮೆಸುಣ್ಣದಿಂದ ಬರೆಯುತ್ತೇವೆ. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಅದನ್ನು ನೋಡಿ, “ಅಣ್ಣಾ, ನಮ್ಮ ತೂಬು ನಾಳೆ ಐತೇನು?” ಅಂತ ಕೇಳಿಕೊಂಡು ಹೋಗುತ್ತಾರೆ. ಗುಂಪಿನಲ್ಲಿ ಎಂದೂ ಮಾತಾಡದವರು ಅವರು. ಪಾಳಿ ತಪ್ಪಾಗಿದ್ದರೆ ಅಲ್ಲೇ ಹೇಳಿಯೂ ಬಿಡುತ್ತಾರೆ, ಅದನ್ನು ಶೀಟ್‌ಗೆ ಹಾಕುವುದು ಅವತ್ತು ಕಚೇರಿಯಲ್ಲಿ ಇದ್ದವರ ಕೆಲಸ.

ನೀವೂ ನಿಮ್ಮ ಕಾಲುವೆಗೆ ಶೀಟ್ ಮಾಡುವವರಿದ್ದರೆ ಮೊದಲ ಅಂಕಣದಲ್ಲಿ ರೈತರ ಹೆಸರು ಹಾಕಬೇಡಿ, ತೂಬಿನ ಸಂಖ್ಯೆ ಹಾಕಿ. ಹೆಸರು ಹಾಕಿದರೆ ಪ್ರತಿ ಸಾಲೂ ಒಬ್ಬ ಮನುಷ್ಯನ ಮೇಲಿನ ದೂರು ಆಗುತ್ತದೆ. ಹೊಲ ಈ ವರ್ಷ ಒಬ್ಬರಿಗೆ ಲೀಜ್, ಬರುವ ವರ್ಷ ಇನ್ನೊಬ್ಬರಿಗೆ. ತೂಬಿನ ಸಂಖ್ಯೆ ಬದಲಾಗುವುದಿಲ್ಲ, ಹಳೆಯ ಲೆಕ್ಕದ ಜೊತೆ ಹೋಲಿಸಿ ನೋಡಲೂ ಬರುತ್ತದೆ.