ಮನೆಯಲ್ಲೇ ಓದುವ ಮಕ್ಕಳಿಗೆ ಪ್ರಬಂಧ: ಆನ್‌ಲೈನ್ ಕ್ಲಾಸೋ, ಮನೆಪಾಠದ ಮೇಷ್ಟ್ರೋ, ಪಾರ್ಕಿನ ಗುಂಪೋ?

ಮಗಳಿಗೆ 15, ಮಗನಿಗೆ 13. ಇಬ್ಬರೂ ಶಾಲೆಗೆ ಹೋಗುವುದಿಲ್ಲ, ಓದೆಲ್ಲ ಮಲ್ಲೇಶ್ವರದ ನಮ್ಮ ಮನೆಯಲ್ಲೇ. ಮಗಳು ಎನ್‌ಐಓಎಸ್, ಅಂದರೆ ಶಾಲೆಗೆ ಹೋಗದೆಯೂ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆಯ, ಹತ್ತನೇ ತರಗತಿ ಪರೀಕ್ಷೆಗೆ ಓದುತ್ತಿದ್ದಾಳೆ. ಮಗನಿಗೆ ಮುಂದೆ ಕೇಂಬ್ರಿಜ್‌ನ ಐಜಿಸಿಎಸ್‌ಇ (ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ) ಕಟ್ಟಿಸುವ ಯೋಚನೆ. ಎರಡರಲ್ಲೂ ಬರೆಯುವ ಕೆಲಸ ಜಾಸ್ತಿ. ಎನ್‌ಐಓಎಸ್‌ನಲ್ಲಿ ಪರೀಕ್ಷೆಯ ಜೊತೆಗೆ ಟಿಎಂಎ ಎಂಬ ಅಸೈನ್‌ಮೆಂಟ್ ಇದೆ. ಅದನ್ನು ಮನೆಯಲ್ಲೇ ಬರೆದು ಒಪ್ಪಿಸಬೇಕು, ಅದಕ್ಕೆ ಶೇಕಡಾ 20 ಅಂಕ. ಐಜಿಸಿಎಸ್‌ಇಯ ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷ್‌ನಲ್ಲಿ ಬರವಣಿಗೆಗೇ ಎರಡು ಗಂಟೆಯ ಒಂದು ಪತ್ರಿಕೆ ಇದೆ. ಅದರಲ್ಲಿ 350ರಿಂದ 450 ಪದಗಳ ಒಂದು ರಚನೆ ಬರೆಯಬೇಕು.

ಗಣಿತಕ್ಕೆ, ವಿಜ್ಞಾನಕ್ಕೆ ಪುಸ್ತಕ ಇದೆ, ವಿಡಿಯೋ ಇದೆ, ಉತ್ತರ ಸರಿಯೋ ತಪ್ಪೋ ಹಿಂದಿನ ಪುಟದಲ್ಲಿ ನೋಡಬಹುದು. ಪ್ರಬಂಧಕ್ಕೆ ಹಿಂದಿನ ಪುಟ ಇಲ್ಲ. ಶಾಲೆಯ ಮಕ್ಕಳು ಪಕ್ಕದವರ ನೋಟ್‌ಬುಕ್ ಇಣುಕಿ ನೋಡುತ್ತಾರೆ, ಯಾರೋ ಬರೆದದ್ದನ್ನು ಟೀಚರ್ ಜೋರಾಗಿ ಓದಿಸುತ್ತಾರೆ. ಮನೆಯಲ್ಲಿ ಓದುವ ಮಗುವಿಗೆ ಓದುಗರು ಅಂದರೆ ಅಪ್ಪ ಅಮ್ಮ ಇಬ್ಬರೇ. ಮಗು ಏನು ಹೇಳಲು ಹೊರಟಿದೆ ಅನ್ನುವುದು ನಮಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಬರೆಯದೆ ಬಿಟ್ಟದ್ದನ್ನೂ ನಾವೇ ತುಂಬಿಕೊಂಡು ಓದುತ್ತೇವೆ. ನಮ್ಮ ಮಕ್ಕಳಿಗೆ ಇದ್ದ ದೊಡ್ಡ ಕೊರತೆ ಇದೇ ಅಂತ ನನಗೆ ಅನ್ನಿಸಿತು.

ನಾಲ್ಕು ದಾರಿಗಳನ್ನು ನೋಡಿದೆವು. ಹೋಲಿಸಲು ಸುಲಭವಾಗಲಿ ಎಂದು ಮಗಳಿಗೆ ಎಲ್ಲ ಕಡೆಯೂ ಒಂದೇ ವಿಷಯ ಕೊಟ್ಟೆ: ಬೆಂಗಳೂರಿನ ಕೆರೆಗಳು. ಅಂಕಗಳಿಗಿಂತ ಹೆಚ್ಚಾಗಿ ನಾನು ನೋಡುತ್ತಿದ್ದದ್ದು ಮೂರು ಸಂಗತಿ. ನಾನು ಹೇಳದೆ ಬರೆಯಲು ಕೂರುತ್ತಾಳಾ? ಬರೆದದ್ದನ್ನು ಬೇರೆಯವರ ಮುಂದೆ ಓದುತ್ತಾಳಾ? ಯಾರಾದರೂ ಒಂದು ಸಾಲು ತೆಗೆ ಅಂದರೆ, ಯಾಕೆ ಇರಬೇಕು ಅಂತ ಹೇಳಬಲ್ಲಳಾ?

ಮೊದಲು ಆನ್‌ಲೈನ್ ಕ್ಲಾಸ್. ವಾರಕ್ಕೆ ಎರಡು ಸಂಜೆ, ಪರದೆಯ ತುಂಬ ಮಕ್ಕಳು. ಕಲಿಸುವವರು ಶ್ರದ್ಧೆಯಿಂದಲೇ ಕಲಿಸುತ್ತಿದ್ದರು. ಒಂದು ಪೀಠಿಕೆ, ಮೂರು ಪ್ಯಾರಾ, ಒಂದು ಮುಕ್ತಾಯ ಅನ್ನುವ ಚೌಕಟ್ಟು ಕೊಟ್ಟರು. ಮಗಳು ಅದರಲ್ಲಿ ಬರೆದದ್ದು ಹೀಗೆ ಶುರುವಾಗುತ್ತಿತ್ತು: "ಬೆಂಗಳೂರು ಕೆರೆಗಳ ನಗರ. ಕೆರೆಗಳು ನಮ್ಮ ಸಂಪತ್ತು. ಅವುಗಳನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ." ತಪ್ಪೇನೂ ಇಲ್ಲ. ಆದರೆ ಇದನ್ನು ಅವಳೇ ಬರೆಯಬೇಕಿರಲಿಲ್ಲ, ಯಾರು ಬೇಕಾದರೂ ಬರೆಯಬಹುದಿತ್ತು. ತಿದ್ದಿದ ಹಾಳೆ ಒಂದು ವಾರ ಕಳೆದ ಮೇಲೆ ಬರುತ್ತಿತ್ತು. ಅದರಲ್ಲಿ ಇರುತ್ತಿದ್ದದ್ದು ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು ಎಂಬ ಅಂಕ ಮಾತ್ರ. ಅಷ್ಟು ಹೊತ್ತಿಗೆ ಮಗಳ ತಲೆಯಿಂದ ಕೆರೆ ಹೋಗಿ ಮುಂದಿನ ವಿಷಯ ಬಂದಿರುತ್ತಿತ್ತು. ಎರಡನೇ ಡ್ರಾಫ್ಟ್ ಕೇಳುವವರೇ ಇಲ್ಲ. ಆದರೂ ಮಗನಿಗೆ ಇದರಿಂದ ಲಾಭ ಆಯಿತು. ಖಾಲಿ ಹಾಳೆ ಕಂಡರೆ ಅವನು ಕಲ್ಲಿನಂತೆ ಕೂರುತ್ತಿದ್ದ. ಚೌಕಟ್ಟು ಸಿಕ್ಕಿದ ಮೇಲೆ ಮೊದಲ ಸಾಲಾದರೂ ಹೊರಗೆ ಬಂತು. ಇಂತಿಷ್ಟು ದಿನಕ್ಕೆ ಒಪ್ಪಿಸಬೇಕು ಅನ್ನುವ ಶಿಸ್ತು ಕೂಡ ಮನೆಯಲ್ಲಿ ನಾವು ತರುವುದು ಕಷ್ಟ.

ಎರಡನೆಯದು ಮೇಷ್ಟ್ರು. ನಮ್ಮ ಬೀದಿಯ ಹತ್ತಿರವೇ ಇರುವ, ನಿವೃತ್ತರಾದ ಕನ್ನಡ ಅಧ್ಯಾಪಕರು. ಇವರ ಬಲ ಕಣ್ಣಿಗೆ ಹೊಡೆಯುವ ಹಾಗಿತ್ತು. ಮಹಾಪ್ರಾಣ ಬಿಟ್ಟದ್ದು, ಲಕಾರ ಳಕಾರ ಅದಲುಬದಲಾದದ್ದು, ಒತ್ತಕ್ಷರ ತಪ್ಪಿದ್ದು, ಒಂದನ್ನೂ ಬಿಡುತ್ತಿರಲಿಲ್ಲ. ಟ್ಯಾಬ್ ಮೇಲೆ ಟೈಪ್ ಮಾಡಿ ರೂಢಿಯಾದ ಮಕ್ಕಳಿಗೆ ಕೈಬರಹದಲ್ಲಿ ಇವೆಲ್ಲ ಎಡವುವ ಜಾಗಗಳೇ. ಗಡಿಯಾರ ಇಟ್ಟು ಬರೆಸುವುದನ್ನೂ ಅವರೇ ಶುರು ಮಾಡಿದರು. ಐದು ನಿಮಿಷ ಅಂಶಗಳ ಪಟ್ಟಿ, ಮೂವತ್ತು ನಿಮಿಷ ಬರಹ, ಕೊನೆಯ ಐದು ನಿಮಿಷ ಓದಿ ತಿದ್ದುವುದು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ತಯಾರಿ ನಾನು ಕಂಡಿಲ್ಲ.

ಒಂದು ತೊಡಕು ಮಾತ್ರ ನಿಧಾನವಾಗಿ ಕಾಣಿಸಿತು. ಮೇಷ್ಟ್ರಿಗೆ ಗಾದೆಯಿಂದ ಶುರುವಾಗುವ ಪ್ರಬಂಧ ಇಷ್ಟ. ಸ್ವಲ್ಪ ದಿನದಲ್ಲೇ ಮಕ್ಕಳ ಎಲ್ಲ ಪ್ರಬಂಧವೂ ಗಾದೆಯಿಂದ ಶುರುವಾಗತೊಡಗಿತು. ಕೆರೆಯ ಪ್ರಬಂಧಕ್ಕೂ ಗಾದೆಯಂತೆ ಬಳಕೆಯಾಗುವ ಪುರಂದರದಾಸರ ಸಾಲು "ಕೆರೆಯ ನೀರನು ಕೆರೆಗೆ ಚೆಲ್ಲಿ" ಬಂತು. ಬರೆಯುವಾಗ ಮಗಳು ಕೇಳುತ್ತಿದ್ದ ಪ್ರಶ್ನೆ "ಇದು ಸರೀನಾ?" ಅಲ್ಲ, "ಇದು ಸರ್‌ಗೆ ಇಷ್ಟ ಆಗುತ್ತಾ?" ಅಂತ. ಒಬ್ಬರೇ ಓದುಗರಿದ್ದರೆ ಹೀಗಾಗುತ್ತದೆ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಮೂರನೆಯದಕ್ಕೆ ದುಡ್ಡು ಬೇಕಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕತೆಯಲ್ಲಿ ಹೇಳಿರುವ ಅಭ್ಯಾಸ ಇದು. ಫ್ರಾಂಕ್ಲಿನ್ ಹತ್ತನೇ ವಯಸ್ಸಿಗೇ ಶಾಲೆ ಬಿಟ್ಟು, ಆಮೇಲೆ ಅಣ್ಣನ ಛಾಪಖಾನೆಯಲ್ಲಿ ಕೆಲಸ ಕಲಿತ ಹುಡುಗ. 1711ರಲ್ಲಿ ಲಂಡನ್‌ನಲ್ಲಿ ಶುರುವಾದ ಸ್ಪೆಕ್ಟೇಟರ್ ಪತ್ರಿಕೆಯ ಬರಹಗಳನ್ನು ಓದಿ, ಪ್ರತಿ ವಾಕ್ಯದ ಸಾರವನ್ನು ಚಿಕ್ಕದಾಗಿ ಗುರುತು ಹಾಕಿಕೊಳ್ಳುತ್ತಿದ್ದ. ಕೆಲವು ದಿನ ಬಿಟ್ಟು, ಮೂಲ ನೋಡದೆ ತನ್ನ ಮಾತಿನಲ್ಲಿ ಮತ್ತೆ ಬರೆದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದ. ಕೆಲವು ಸಲ ಆ ಟಿಪ್ಪಣಿಗಳನ್ನು ಕಲಸಿಬಿಟ್ಟು, ವಾರಗಳ ನಂತರ ಕ್ರಮಕ್ಕೆ ತರುತ್ತಿದ್ದ. ಶಾಲೆಯಿಲ್ಲದೆ ಬರೆಯಲು ಕಲಿತ ಹುಡುಗನ ದಾರಿ ಅಂದಮೇಲೆ ನಮಗೆ ಹೊಂದಲೇಬೇಕಲ್ವಾ?

ನಾವು ಕನ್ನಡ ದಿನಪತ್ರಿಕೆಯ ಅಂಕಣದಿಂದ ಒಂದೆರಡು ಪ್ಯಾರಾ ಆರಿಸಿಕೊಂಡೆವು. ಮಗನಿಗೆ ಚೀಟಿ ಕಲಸುವ ಆಟ ಬಹಳ ಹಿಡಿಸಿತು. ನೆಲದ ಮೇಲೆ ಚೀಟಿ ಹರಡಿಕೊಂಡು, ಯಾವುದು ಮೊದಲು ಬರಬೇಕು ಅಂತ ಅಕ್ಕನ ಜೊತೆ ವಾದ ಮಾಡುತ್ತಿದ್ದ. ಮುಂದೆ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವನು ಅವನೇ. ಆದರೂ ಕ್ರಮದ ಅರಿವು ಕನ್ನಡದಲ್ಲೇ ಬರಲಿ ಅಂತ ಬಿಟ್ಟೆ. ಈಗ ಅವನು ಇಂಗ್ಲಿಷ್ ಪ್ರಬಂಧಕ್ಕೂ ಮೊದಲು ನಮಗೆ ಕನ್ನಡದಲ್ಲಿ ಬಾಯಲ್ಲೇ ಹೇಳಿ, ಆಮೇಲೆ ಬರೆಯುತ್ತಾನೆ.

ಮಗಳಿಗೆ ಸಿಕ್ಕಿದ್ದು ಬೇರೆ. ಅಂಕಣದ ಪಕ್ಕ ತನ್ನ ಪ್ಯಾರಾ ಇಟ್ಟಾಗ ಒಂದು ವ್ಯತ್ಯಾಸ ಅವಳ ಕಣ್ಣಿಗೇ ಬಿತ್ತು. ಅವಳ ಕ್ರಿಯಾಪದಗಳೆಲ್ಲ ಮಾಡಲಾಯಿತು, ನೀಡಲಾಯಿತು, ಕಟ್ಟಲಾಯಿತು. ಅಂಕಣದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಕೆರೆಯ ಪ್ರಬಂಧ ತೆಗೆದು "ಕೆರೆಯನ್ನು ಮುಚ್ಚಲಾಯಿತು" ಅನ್ನುವುದನ್ನು "ಕೆರೆಯನ್ನು ಮುಚ್ಚಿದರು" ಅಂತ ಮಾಡಿದಳು. ಮಾಡಿ ಸುಮ್ನೆ ಕೂತಳು. "ಯಾರು ಮುಚ್ಚಿದರು ಅಮ್ಮ? ಯಾಕೆ?" ಅಂದಳು. ಅದಕ್ಕೆ ಅವಳ ಪ್ರಬಂಧದಲ್ಲಿ ಉತ್ತರ ಇರಲಿಲ್ಲ. ಈ ಅಭ್ಯಾಸದ ಮಿತಿಯೂ ಅಲ್ಲೇ ಇದೆ. ವಾಕ್ಯ ಗಟ್ಟಿಯಾಗುತ್ತದೆ, ಪ್ರಶ್ನೆಯೂ ಹುಟ್ಟುತ್ತದೆ, ಆದರೆ ಉತ್ತರ ಹುಡುಕಿಕೊಂಡು ಹೋಗುವಂತೆ ದೂಡುವವರು ಯಾರೂ ಇರುವುದಿಲ್ಲ.

ಆ ಕೆಲಸ ಮಾಡಿದ್ದು ನಾಲ್ಕನೆಯದು, ಕಬ್ಬನ್ ಪಾರ್ಕಿನ ಗುಂಪು. ಮನೆಯಲ್ಲೇ ಓದುವ ಮಕ್ಕಳ ಕೆಲವು ಕುಟುಂಬಗಳು ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಅವತ್ತು ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಹಾಗಾಗಿ ಒಬ್ಬರು ಓದಿದರೆ ಉಳಿದವರಿಗೆ ಕೇಳಿಸುತ್ತದೆ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ಇದೆಯಲ್ಲ, ಅದರ ಸುತ್ತಮುತ್ತ ಮರದ ಕೆಳಗೆ ಕೂರುತ್ತಾರೆ. ನಿಯಮ ಕಡಿಮೆ. ಬರೆದವರು ಜೋರಾಗಿ ಓದಬೇಕು. ಕೇಳುವವರು "ಚೆನ್ನಾಗಿದೆ" ಅನ್ನುವ ಹಾಗಿಲ್ಲ, ತಪ್ಪು ಹುಡುಕುವ ಹಾಗೂ ಇಲ್ಲ. ಎಲ್ಲಿ ಗಮನ ತಪ್ಪಿತು ಅಂತ ಹೇಳಬೇಕು, ಒಂದೆರಡು ಪ್ರಶ್ನೆ ಕೇಳಬೇಕು. ಮುಂದಿನ ವಾರ ಅದೇ ಬರಹ ತಿದ್ದಿ ತರಬೇಕು. ದೊಡ್ಡವರು ಕಿವಿಗೆ ಬೀಳದಷ್ಟು ದೂರ ಕೂರಬೇಕು.

ಮಗಳು ಕೆರೆಯ ಪ್ರಬಂಧ ಓದಿದಾಗ ಅವಳ ವಯಸ್ಸಿನ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇಷ್ಟೇ: "ನೀನು ಹೇಳೋ ಕೆರೆ ಎಲ್ಲಿತ್ತು?" ಅವಳು ಸಂಪಂಗಿ ಕೆರೆ ಅಂದಳು. ಅದು ಎಲ್ಲಿ ಅಂತ ಇನ್ನೊಬ್ಬಳು ಕೇಳಿದಳು. ಪಾರ್ಕಿನ ಪಕ್ಕದಲ್ಲೇ, ಈಗ ಕಂಠೀರವ ಕ್ರೀಡಾಂಗಣ ಇರುವ ಜಾಗ. ಮಕ್ಕಳೆಲ್ಲ ಎದ್ದು ನಡೆದುಕೊಂಡೇ ಹೋದರು. ಕೆರೆಯಲ್ಲಿ ಉಳಿದಿರುವ ಪುಟ್ಟ ಕೊಳವನ್ನು ನೋಡಿಕೊಂಡು ಬಂದರು. ಕರಗದ ಆಚರಣೆಯಲ್ಲಿ ಇವತ್ತಿಗೂ ಆ ಕೊಳಕ್ಕೆ ಜಾಗ ಇದೆ. ಮನೆಗೆ ಬಂದು ಮಗಳು ಇನ್ನಷ್ಟು ಓದಿದಳು. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅನ್ನುವುದೂ ಆಗ ಸೇರಿಕೊಂಡಿತು. ಮುಂದಿನ ವಾರದ ಪ್ರಬಂಧ ಹೀಗೆ ಶುರುವಾಯಿತು: "ಕಂಠೀರವದಲ್ಲಿ ಓಡುವ ಹುಡುಗರ ಕಾಲ ಕೆಳಗೆ ಮೊದಲು ಒಂದು ಕೆರೆ ಇತ್ತು. ಕ್ರೀಡಾಂಗಣ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ನಾನೂ ಅಲ್ಲಿ ಓಡಿದ್ದೇನೆ. ಆದರೆ ಮಳೆನೀರಿಗೆ ಹೋಗಲು ಬೇರೆ ಜಾಗ ಕೊಟ್ಟೆವಾ?"

ಕರಗದ ಪ್ಯಾರಾ ವಿಷಯಕ್ಕೆ ಸೇರುವುದಿಲ್ಲ, ತೆಗೆ ಅಂತ ಗೆಳತಿ ಹೇಳಿದಳು. ಮಗಳು ತೆಗೆಯಲಿಲ್ಲ. ಕೆರೆ ಹೋದರೂ ಅದರ ಮೇಲಿನ ಹಕ್ಕನ್ನು ಜನ ಬಿಟ್ಟುಕೊಟ್ಟಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ವಾದಿಸಿದಳು. ಆಮೇಲೆ ಆ ಮಾತನ್ನೇ ಒಂದು ವಾಕ್ಯ ಮಾಡಿ ಪ್ಯಾರಾದ ಕೊನೆಗೆ ಸೇರಿಸಿದಳು. ನಾನು ಮೊದಲಿಂದ ಕಾಯುತ್ತಿದ್ದದ್ದು ಇದಕ್ಕೇ.

ಗುಂಪಿಗೆ ಕೊರತೆ ಇಲ್ಲ ಅಂತಲ್ಲ. ಕಾಗುಣಿತ ಯಾರೂ ತಿದ್ದುವುದಿಲ್ಲ. ಮಳೆ ಬಂದರೆ ಇಲ್ಲ, ಬೇಸಿಗೆಯಲ್ಲಿ ಎಲ್ಲರೂ ಊರಿಗೆ ಹೋದರೆ ಇಲ್ಲ. ವಯಸ್ಸಿನ ಅಂತರ ಎರಡು ಮೂರು ವರ್ಷ ದಾಟಿದರೆ ಚಿಕ್ಕವರು ಬಾಯಿ ಬಿಡುವುದಿಲ್ಲ. ಹಾಗಾಗಿ ಮಗನಿಗೆ ಬೇರೆ ಗುಂಪು ಮಾಡಬೇಕಾಯಿತು. ದೂರದ ಚಿಂತೆ ಮೆಟ್ರೋದಿಂದ ಕಡಿಮೆಯಾಗಿದೆ. ವೈಟ್‌ಫೀಲ್ಡ್ ಕಡೆಯವರು ನೇರಳೆ ಮಾರ್ಗದಲ್ಲಿ ನೇರವಾಗಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯುತ್ತಾರೆ. ನಾವು ಸಂಪಿಗೆ ರಸ್ತೆಯಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸುತ್ತೇವೆ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ಡ್ರಾಫ್ಟ್ ಮುಗಿಯುವ ತನಕ ನಮ್ಮ ಮನೆಯಲ್ಲಿ ಅದನ್ನು ತೆರೆಯುವುದಿಲ್ಲ. ಕ್ಷಣದಲ್ಲಿ ಬರುವ ನುಣುಪಾದ ಪ್ರಬಂಧದ ಪಕ್ಕ ತನ್ನ ಒರಟು ಸಾಲನ್ನು ಇಟ್ಟು ನೋಡುವ ಮಗು ಕುಗ್ಗುತ್ತದೆ. ಇಂಗ್ಲಿಷ್ ಸ್ಪೆಲಿಂಗ್ ನೋಡಲು ಕೊನೆಯಲ್ಲಿ ಬಳಸಿದರೆ ತೊಂದರೆ ಇಲ್ಲ.

ಪಕ್ಕಪಕ್ಕ ಇಟ್ಟು ಹೇಳುವುದಾದರೆ, ಹೇಳಲು ಏನಾದರೂ ಇರಬೇಕು ಅನ್ನುವುದನ್ನು ಕಲಿಸಿದ್ದು ಗುಂಪು, ಹೇಗೆ ಹೇಳಬೇಕು ಅನ್ನುವುದನ್ನು ಫ್ರಾಂಕ್ಲಿನ್ ಅಭ್ಯಾಸ, ಸಮಯದೊಳಗೆ ತಪ್ಪಿಲ್ಲದೆ ಹೇಳುವುದನ್ನು ಮೇಷ್ಟ್ರು. ಆನ್‌ಲೈನ್ ಕ್ಲಾಸಿಗೆ ಕೊಟ್ಟ ಶುಲ್ಕವೇ ಎಲ್ಲಕ್ಕಿಂತ ಜಾಸ್ತಿ, ಮಗಳಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಕಡಿಮೆ. ಹತ್ತಿರದಲ್ಲಿ ಜೊತೆಯ ಮಕ್ಕಳು ಯಾರೂ ಇಲ್ಲದಿದ್ದರೆ, ಅಥವಾ ಮಗು ಬರೆಯಲು ಶುರು ಮಾಡುವುದೇ ಇಲ್ಲ ಅಂದರೆ, ಕೆಲವು ತಿಂಗಳ ಮಟ್ಟಿಗೆ ಸೇರಿಸಿ. ಆದರೆ ಸೇರಿಸುವ ಮೊದಲು ಒಂದು ಪ್ರಶ್ನೆ ಕೇಳಿ: ತಿದ್ದಿದ ಮೇಲೆ ಮಗು ಮತ್ತೆ ಬರೆದರೆ ಅದನ್ನೂ ಓದುತ್ತೀರಾ? ಇಲ್ಲ ಅಂದರೆ ಬೇಡ. ಗುಂಪು ಕಟ್ಟಲು ಮೂರು ಮಕ್ಕಳಿದ್ದರೂ ಸಾಕು. ಬಡಾವಣೆಯ ಪಾರ್ಕ್, ಅಪಾರ್ಟ್‌ಮೆಂಟಿನ ಮಹಡಿ, ಯಾವ ಜಾಗವಾದರೂ ನಡೆಯುತ್ತದೆ. ಶುರುವಿನ ತಿಂಗಳಲ್ಲಿ ಅಂಕದ ಮಾತು ಎತ್ತಬೇಡಿ.

ಮಗಳು ಏಪ್ರಿಲ್–ಮೇ ಪರೀಕ್ಷೆಗೆ ಕೂರುತ್ತಾಳೆ. ಅಲ್ಲಿಯ ತನಕ ಭಾನುವಾರ ಗುಂಪು, ವಾರದ ನಡುವೆ ಒಂದು ದಿನ ಚೀಟಿ ಅಭ್ಯಾಸ. ಗಡಿಯಾರ ಇಟ್ಟು ಬರೆಸಲು ಫೆಬ್ರವರಿಯಿಂದ ಬನ್ನಿ ಅಂತ ಮೇಷ್ಟ್ರಿಗೆ ಹೇಳಿದ್ದೇವೆ. ಗಾದೆ ಹಾಕದ ಪೀಠಿಕೆಯನ್ನೂ ನೋಡುತ್ತೇನೆ ಅಂತ ಅವರು ಒಪ್ಪಿದ್ದಾರೆ.