ಆಫರ್ ವಾರದ ಮಾರ್ಟ್, ರವಿವಾರ ಪೇಟೆ: ನಮ್ಮ ಮನೆಯ ಒಂದು ವರ್ಷದ ಲೆಕ್ಕ

ನಮ್ಮದು ಬೆಳಗಾವಿಯ ವಡಗಾವಿಯಲ್ಲಿ ಐದು ಜನರ ಮನೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. 2025ರ ಏಪ್ರಿಲ್‌ನಿಂದ ಮನೆ ಸಾಮಾನಿನ ಪ್ರತಿ ಬಿಲ್ಲನ್ನೂ ಎತ್ತಿಟ್ಟಿದ್ದೇನೆ. ಕಾರಣ ಇಷ್ಟೇ, ಊರಿನ ಒಂದು ದೊಡ್ಡ ಮಾರ್ಟ್ ತಿಂಗಳ ಮೊದಲ ವಾರ ಆಫರ್ ಇಡುತ್ತದೆ, ಅಲ್ಲಿ ಒಮ್ಮೆಲೇ ತುಂಬಿಕೊಂಡರೆ ನಿಜವಾಗಿಯೂ ರೊಕ್ಕ ಉಳಿಯುತ್ತದಾ ಎಂದು ನೋಡಬೇಕಿತ್ತು. ಉಳಿಯುತ್ತದೆ. ಆದರೆ ಎಲ್ಲದರಲ್ಲೂ ಅಲ್ಲ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಸಾಬೂನು, ಟೂತ್‌ಪೇಸ್ಟ್, ಬಟ್ಟೆ ಒಗೆಯುವ ಪುಡಿ, ಪಾತ್ರೆ ತಿಕ್ಕುವ ಬಾರ್, ಫಿನಾಯಿಲ್. ಇವನ್ನು ಆಫರ್ ವಾರದಲ್ಲಿ ಬಿಟ್ಟು ಬೇರೆ ದಿನ ಕೊಳ್ಳಲೇಬೇಡಿ. ಎರಡು ಕೊಂಡರೆ ಒಂದು ಫ್ರೀ ಅಂದರೆ ಮೂರರಲ್ಲಿ ಒಂದು ಪಾಲು ಉಳಿಯಿತು. ಇವು ಕೆಡುವುದಿಲ್ಲ, ಹುಳ ಬೀಳುವುದಿಲ್ಲ, ಅಟ್ಟದ ಮೇಲೆ ಆರು ತಿಂಗಳು ಸುಮ್ನೆ ಕೂತಿರುತ್ತವೆ. ಆಗಸ್ಟ್‌ನಲ್ಲಿ ನಾನು ಹನ್ನೆರಡು ಟೂತ್‌ಪೇಸ್ಟ್ ತಂದಿಟ್ಟಿದ್ದೆ. ಸೆಪ್ಟೆಂಬರ್ 22ಕ್ಕೆ ಸಾಬೂನು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಅಯ್ಯೋ, ಒಂದು ತಿಂಗಳು ಕಾಯಬೇಕಿತ್ತು ಎಂದು ಯಜಮಾನರು ಹೇಳಿದರು. ಕೂತು ಲೆಕ್ಕ ಹಾಕಿದೆ. 118 ರೂಪಾಯಿಗೆ ಬರುತ್ತಿದ್ದದ್ದು 105 ಆಗುತ್ತದೆ, ಅಂದರೆ ಬೆಲೆ ಇಳಿದದ್ದು ಸುಮಾರು 11 ಪರ್ಸೆಂಟ್. ನನಗೆ ಆಫರ್‌ನಲ್ಲಿ ಸಿಕ್ಕಿದ್ದು 33. ನಷ್ಟ ಆಗಿರಲಿಲ್ಲ.

ಇನ್ನು ಅಡುಗೆ ಎಣ್ಣೆ. ಇಲ್ಲಿ ಕಣ್ಣು ಬಿಟ್ಟು ನೋಡಬೇಕು. ಎಣ್ಣೆ ಪ್ಯಾಕೆಟ್ ಅಂದರೆ ಒಂದು ಲೀಟರ್ ಎಂದೇ ನಮ್ಮ ತಲೆಯಲ್ಲಿದೆ ಅಲ್ವಾ, ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗಿದರೆ 910 ಗ್ರಾಂ ಬರುತ್ತದೆ. ಆದರೆ ಈಗ ಅದೇ ಎತ್ತರ, ಅದೇ ಬಣ್ಣದಲ್ಲಿ ಕಡಿಮೆ ತೂಕದ ಪ್ಯಾಕೆಟ್‌ಗಳೂ ಬರುತ್ತವೆ. ಮಾರ್ಟ್‌ನಲ್ಲಿ ಆಫರ್ ಚೀಟಿ ಹಚ್ಚಿ ಮುಂದೆಯೇ ಜೋಡಿಸಿದ್ದು 750 ಗ್ರಾಂನದು, 129 ರೂಪಾಯಿ. ಕೆಳಗಿನ ಸಾಲಿನಲ್ಲಿ ಆಫರ್ ಇಲ್ಲದ 910 ಗ್ರಾಂನದು 150. ನಾನು ಮೊದಲ ಸಲ 129ರದ್ದನ್ನೇ ಎಂಟು ಎತ್ತಿಕೊಂಡು ಬಂದೆ. ಮನೆಗೆ ಬಂದು ಭಾಗಿಸಿ ನೋಡಿದರೆ ಕಿಲೋಗೆ 172 ಬಿತ್ತು. ಇನ್ನೊಂದು 165ರ ಹತ್ತಿರ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಎಷ್ಟು ಎಂದು ಬರೆದಿರುತ್ತಾರೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಆದರೆ ಅದು ಎಂಆರ್‌ಪಿಯ ಲೆಕ್ಕ, ಆಫರ್ ಬೆಲೆಯದ್ದಲ್ಲ. ಆಫರ್‌ಗೆ ಮೊಬೈಲ್ ತೆಗೆದು ನೀವೇ ಭಾಗಿಸಬೇಕು.

ತೊಗರಿ ಬೇಳೆಯ ವಿಷಯಕ್ಕೆ ನನಗೆ ಈಗಲೂ ಸಿಟ್ಟಿದೆ. ಜೂನ್‌ನಲ್ಲಿ ಕಿಲೋಗೆ 20 ರೂಪಾಯಿ ಕಡಿಮೆ ಎಂದು ಹತ್ತು ಕಿಲೋ ತಂದೆ. ನಾಲ್ಕನೇ ದಿನ ಒಂದು ಪ್ಯಾಕೆಟ್ ಒಡೆದರೆ ಒಳಗೆ ನುಸಿ, ಬೇಳೆಯಲ್ಲಿ ತೂತು, ತಳದಲ್ಲಿ ಹಿಟ್ಟು. ಪ್ಯಾಕ್ ಮಾಡಿದ ದಿನಾಂಕ ನೋಡಿದರೆ ಐದು ತಿಂಗಳ ಹಿಂದಿನದು. ಹಳೆ ಮಾಲು ಖಾಲಿ ಮಾಡಲು ಆಫರ್ ಇಟ್ಟಿದ್ದರು ಎಂದು ಆಗ ಹೊಳೆಯಿತು. ವಾಪಸ್ ಒಯ್ದರೆ ಕೌಂಟರ್‌ನ ಹುಡುಗ "ಆಫರ್ ಮಾಲು ವಾಪಸ್ ತಗೊಳ್ಳಂಗಿಲ್ರಿ ಮೇಡಂ" ಅಂದ. ಅದು ತಪ್ಪು. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲೇಬೇಕು ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿದೆ. ಬಿಲ್ ತೋರಿಸಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಇಲ್ಲಿಂದಲೇ ಫೋನ್ ಮಾಡುತ್ತೇನೆ ಎಂದೆ. ಮ್ಯಾನೇಜರ್ ಬಂದು ಹತ್ತೂ ಕಿಲೋದ ರೊಕ್ಕ ವಾಪಸ್ ಕೊಟ್ಟರು. ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ನನ್ನ ಹಿಂದೆ ನಿಂತಿದ್ದ ವಯಸ್ಸಾದ ಅಜ್ಜಿಯೊಬ್ಬರ ಚೀಲದಲ್ಲೂ ಅದೇ ಬೇಳೆ ಇತ್ತು. ಅವರಿಗೂ ಕೊಡಿಸಿಯೇ ಬಂದೆ.

ಅಲ್ಲಿಂದ ಬೇಳೆಕಾಳು, ಬೆಲ್ಲ, ಸಕ್ಕರೆ, ಅಕ್ಕಿಗೆ ಮತ್ತೆ ರವಿವಾರ ಪೇಟೆ. ಹೋಲ್‌ಸೇಲ್ ಅಂಗಡಿಗಳ ಸಾಲು, ಬೆಳಗಾವಿಯವರಿಗೆ ಗೊತ್ತೇ ಇದೆ. ಇಲ್ಲಿ ಆಫರ್ ಚೀಟಿ ಇಲ್ಲ. ಆದರೆ ಮಾಲನ್ನು ಕೈಯಲ್ಲಿ ಹಿಡಿದು, ಮೂಸಿ, ಎರಡು ಕಾಳು ಕಚ್ಚಿ ನೋಡಿ ತರಬಹುದು. ನಾವು ನಾಲ್ಕು ಮನೆಯವರು ಸೇರಿ 50 ಕಿಲೋದ ಸಕ್ಕರೆ ಚೀಲ, 15 ಕಿಲೋದ ಎಣ್ಣೆ ಡಬ್ಬಿ ತಂದು ಹಂಚಿಕೊಳ್ಳುತ್ತೇವೆ. ಆಟೋ ಬಾಡಿಗೆಯೂ ನಾಲ್ಕು ಪಾಲು. ನಾವು ಹೋಗುವ ಅಂಗಡಿಯ ಕಾಕಾ ಜೂನ್‌ನಲ್ಲಿ ನಾನು ಐದು ಕಿಲೋ ರವಾ ಕೇಳಿದಾಗ ಕೊಡಲೇ ಇಲ್ಲ. "ಅಕ್ಕಾ, ಮಳೆಗಾಲದಾಗ ಇಷ್ಟು ರವಾ ಒಯ್ಯಬ್ಯಾಡ್ರಿ, ಎರಡು ಕಿಲೋ ಸಾಕು, ತೀರಿದ ಮ್ಯಾಲೆ ಮತ್ತ ಬರ್ರಿ" ಅಂದರು. ಕೊಳ್ಳಬೇಡಿ ಎಂದು ಹೇಳುವ ಅಂಗಡಿಯನ್ನು ನಾನು ಬಿಡುವುದಿಲ್ಲ.

ಅವರ ಮಾತು ನೂರಕ್ಕೆ ನೂರು ಸರಿ. ನಮ್ಮ ಊರಿನ ಮಳೆ ಬೇರೆ ಥರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ, ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಆ ತಂಪಿನಲ್ಲಿ ಬೆಲ್ಲ ನೀರು ಬಿಡುತ್ತದೆ, ಅವಲಕ್ಕಿ ಮೆತ್ತಗಾಗುತ್ತದೆ, ಶೇಂಗಾಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಶೇಂಗಾ ತೊಳೆದು ಹುರಿದು ತಿನ್ನಲೂ ಬಾರದು, ಅದರ ವಿಷ ಹುರಿದರೆ ಹೋಗುವುದಿಲ್ಲ. ವಿಜಯಪುರದಲ್ಲಿರುವ ನನ್ನ ಅಕ್ಕ ವರ್ಷದ ಜೋಳ, ಕಡಲೆ ಎಲ್ಲ ತುಂಬಿಟ್ಟುಕೊಳ್ಳುತ್ತಾಳೆ, ಅಲ್ಲಿಯ ಒಣ ಹವೆಗೆ ಅದು ನಡೆಯುತ್ತದೆ. ನಾನು ಮಾತ್ರ ಮಳೆಗಾಲಕ್ಕೆ ಅಕ್ಕಿ ಬಿಟ್ಟು ಬೇರೆ ಕಾಳುಕಡಿ ಒಂದು ತಿಂಗಳಿಗಿಂತ ಜಾಸ್ತಿ ಇಡುವುದಿಲ್ಲ. ಬೇಳೆಯನ್ನು ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ, ಅಂಗೈಗೆ ಔಡಲೆಣ್ಣೆ ಹಚ್ಚಿಕೊಂಡು ತಿಕ್ಕಿ, ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಟ್ಟರೆ ಮಾತ್ರ ತಡೆಯುತ್ತದೆ. ಇದು ಅತ್ತೆ ಕಲಿಸಿದ್ದು.

ಬಿಸ್ಕತ್ತು, ಚಿಪ್ಸ್ ಆಫರ್ ನಮ್ಮ ಮನೆಗೆ ಬೇಡವೇ ಬೇಡ. ತಿಂಗಳಿಗೆಂದು ತಂದ ಹನ್ನೆರಡು ಪ್ಯಾಕೆಟ್ ಹತ್ತು ದಿನದಲ್ಲಿ ಮುಗಿದವು. ಮನೆಯಲ್ಲಿ ಇದ್ದರೆ ಮಕ್ಕಳು ತಿನ್ನುತ್ತಾರೆ, ಅಷ್ಟೇ.

ಲೆಕ್ಕಕ್ಕೆ ಬಂದರೆ, ಮೊದಲ ಎರಡು ತಿಂಗಳು ಖರ್ಚು ಏರಿತು. ಸ್ಟಾಕ್ ಮಾಡಲು ಕೈಯಿಂದ ರೊಕ್ಕ ಮೊದಲೇ ಹೋಗುತ್ತದೆ, ಇದಕ್ಕೆ ತಯಾರಿರಿ, ಕ್ರೆಡಿಟ್ ಕಾರ್ಡ್ ತಿಕ್ಕಬೇಡಿ. ಆಮೇಲೆ 7,200ರ ಹತ್ತಿರ ಇದ್ದ ತಿಂಗಳ ಖರ್ಚು 6,300ರ ಆಸುಪಾಸಿಗೆ ಬಂದು ನಿಂತಿದೆ. ಆ ಉಳಿತಾಯದಲ್ಲಿ ಹೆಚ್ಚಿನದು ಮಾರ್ಟ್‌ನ ಸಾಬೂನು ಪುಡಿಯಿಂದ, ಮತ್ತೆ ನಾಲ್ಕು ಮನೆಯ ಸಕ್ಕರೆ ಎಣ್ಣೆಯಿಂದ.

ಮಾರ್ಟ್‌ಗೆ ಐದರಲ್ಲಿ ಮೂರು ಕೊಡುತ್ತೇನೆ. ಜಾಗ ಸ್ವಚ್ಛ, ಗಾಡಿ ನಿಲ್ಲಿಸಬಹುದು, ಆದರೆ ಆ ಬೇಳೆ ಮರೆಯಲು ಆಗುವುದಿಲ್ಲ. ರವಿವಾರ ಪೇಟೆಗೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಗಾಡಿ ನಿಲ್ಲಿಸಲು ಜಾಗವೇ ಇಲ್ಲದ್ದಕ್ಕೆ. ಬೆಳಿಗ್ಗೆ ಬೇಗ ಹೋಗಿ, ಮಾಲಿನ ಟೆಂಪೋಗಳು ರಸ್ತೆ ತುಂಬುವ ಮೊದಲು. ದೀಪಾವಳಿ ಆದ ಮೇಲೆ ಖಾನಾಪುರ ಕಡೆಯ ಹೊಸ ಅಕ್ಕಿ ಬರುತ್ತದೆ, ಆಗ ಒಂದು ಚೀಲ ತಂದಿಟ್ಟರೆ ಮುಂದಿನ ವರ್ಷಕ್ಕೆ ಅದೇ ಹಳೆ ಅಕ್ಕಿ, ಅನ್ನ ಉದುರುದುರಾಗಿ ಆಗುತ್ತದೆ. ಚೀಲ ಮನೆಯಿಂದಲೇ ಒಯ್ಯಿರಿ.