ಜಿಪ್ಸಿಗೆ ಗೇರ್ ಆಯಿಲ್ ಕುಡಿಸುವ ನಾಲ್ಕು ದಾರಿ

ಎಂಜಿನ್ ಆಯಿಲ್ ಬದಲಿಸುವುದು ಸುಲಭ. ಕೆಳಗೆ ಬಿಚ್ಚಿದರೆ ಇಳಿಯುತ್ತದೆ, ಮೇಲಿಂದ ಸುರಿದರೆ ತುಂಬುತ್ತದೆ. ಗೇರ್ ಆಯಿಲ್ ಹಾಗಲ್ಲ. ಇಳಿಯುವುದೇನೋ ಇಳಿಯುತ್ತದೆ, ತುಂಬುವ ತೂತು ಮಾತ್ರ ಗೇರುಗಳ ಲೋಹದ ಪೆಟ್ಟಿಗೆಯಾದ ಹೌಸಿಂಗ್‌ನ ಪಕ್ಕದಲ್ಲಿ, ನೆಲದಿಂದ ಒಂದು ಮೊಳ ಮೇಲೆ, ಕ್ಯಾನ್ ಬಗ್ಗಿಸಲು ಜಾಗವೇ ಇಲ್ಲದ ಕಡೆ. ಜೇನುತುಪ್ಪದಂಥ ಆಯಿಲ್ ಅಡ್ಡಡ್ಡ ಹೋಗು ಅಂದರೆ ಹೋಗುತ್ತದೆಯೇ? ನಮ್ಮ ಮೊಣಕೈ ಹಿಡಿದು ಕಂಕುಳಿಗೆ ಬರುತ್ತದೆ.

ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ, ಗಾಡಿ 2007ರ ಜಿಪ್ಸಿ. ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರಲ್ಲಿ ಆಕ್ಸಲ್ ಮುಳುಗುವಷ್ಟು ನೀರು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಸಣ್ಣ ಕೊಳವೆ, ಬ್ರೀದರ್, ಕೆಸರು ಕಟ್ಟಿಕೊಂಡಿದ್ದರೆ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಪುಸ್ತಕದಲ್ಲಿ ಎಷ್ಟು ಸಾವಿರ ಕಿಲೋಮೀಟರ್ ಅಂತ ಬರೆದಿದ್ದರೂ ನಾನು ವರ್ಷಕ್ಕೊಮ್ಮೆ, ಮಳೆ ಹಿಂದೆ ಸರಿದು ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಬದಲಿಸಿಬಿಡುತ್ತೇನೆ. ಹೀಗೆ ಕೆಲವು ವರ್ಷದಲ್ಲಿ ನಾಲ್ಕು ರೀತಿ ತುಂಬಿಸಿ ನೋಡಿದ್ದೇನೆ. ಒಂದು ವರ್ಷ ಸೋಮಾರಿತನ ಬಂದು ಗ್ಯಾರೇಜಿಗೂ ಕೊಟ್ಟಿದ್ದೆ.

ಜಿಪ್ಸಿಯಲ್ಲಿ ಗೇರ್ ಆಯಿಲ್ ಇರುವ ಮನೆ ನಾಲ್ಕು. ಗೇರ್‌ಬಾಕ್ಸಿಗೆ ಸುಮಾರು 1.3 ಲೀಟರ್, ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ 0.8, ಆಕ್ಸಲ್ ನಡುವೆ ಕೂತು ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲುಗಳಲ್ಲಿ ಮುಂದಿನದಕ್ಕೆ 2, ಹಿಂದಿನದಕ್ಕೆ 1.5. ಬೇರೆ ಜೀಪುಗಳಲ್ಲಿ ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸ್ ಇದರಲ್ಲಿ ಬೇರೆಯಾಗಿ ತೂಗಿಕೊಂಡಿದೆ, ನಡುವೆ ಒಂದು ಗಿಡ್ಡ ಶಾಫ್ಟ್. ಹಾಗಾಗಿ ಎರಡಕ್ಕೂ ಆಯಿಲ್ ಬೇರೆ ಬೇರೆಯಾಗಿ ತುಂಬಬೇಕು, ಪ್ಲಗ್ಗೂ ಬೇರೆ ಬೇರೆ. ಒಂದು ಬದಲಿಸಿ ಇನ್ನೊಂದು ಮರೆತವರನ್ನು ನಾನೇ ನೋಡಿದ್ದೇನೆ.

ತುಂಬಿಸುವ ಮಾತಿಗೆ ಮುಂಚೆ, ಯಾವ ಆಯಿಲ್ ಅನ್ನುವ ಜಗಳ. ನಮ್ಮ ಕಡೆ ಅಂಗಡಿಯಲ್ಲಿ "ನೈಂಟಿ ಆಯಿಲ್ ಕೊಡಿ" ಅಂದರೆ ಕೈಗೆ ಸಿಕ್ಕಿದ 80ಡಬ್ಲ್ಯು-90 ಕೊಡುತ್ತಾರೆ; ಆ ಅಂಕಿ ಹೇಳುವುದು ಆಯಿಲ್ ಎಷ್ಟು ದಪ್ಪ ಅನ್ನುವುದನ್ನು. ಡಬ್ಬಿಯ ಮೇಲೆ ಜಿಎಲ್-4 ಅಂತ ಇದೆಯೋ ಜಿಎಲ್-5 ಅಂತ ಇದೆಯೋ ಯಾರೂ ನೋಡುವುದಿಲ್ಲ. ಒತ್ತಡ ತಾಳುವ ಮದ್ದು ಎಷ್ಟಿದೆ ಅನ್ನುವ ದರ್ಜೆ ಅದು, 5ರಲ್ಲಿ ಜಾಸ್ತಿ. ಮೊದಲ ವರ್ಷ ನಾನೂ ನೋಡಲಿಲ್ಲ, ನಾಲ್ಕಕ್ಕೂ ಜಿಎಲ್-5 ಹೊಡೆದೆ. ಡಿಫರೆನ್ಷಿಯಲ್ಲಿಗೆ ಅದೇ ಸರಿ. ಅಲ್ಲಿ ಪಿನಿಯನ್ನು ಅನ್ನುವ ಸಣ್ಣ ಗೇರು, ದೊಡ್ಡ ಗೇರಾದ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಕೂತಿರುತ್ತದೆ, ಹಲ್ಲು ಹಲ್ಲಿನ ಮೇಲೆ ಉರುಳುವುದಕ್ಕಿಂತ ಉಜ್ಜಿಕೊಂಡು ಜಾರುವುದೇ ಜಾಸ್ತಿ. ಆ ಒತ್ತಡ ತಾಳಲು ಗಂಧಕ, ರಂಜಕದ ಮದ್ದು ದಂಡಿಯಾಗಿ ಬೇಕು. ಡಬ್ಬಿ ಬಿಚ್ಚಿದಾಗ ಕೆಟ್ಟ ಇಂಗಿನಂಥ ವಾಸನೆ ಬರುವುದು ಆ ಗಂಧಕದ್ದೇ. ಗೇರ್‌ಬಾಕ್ಸಿನಲ್ಲಿ ಇರುವುದು ಗೇರು ಬದಲಿಸುವಾಗ ವೇಗ ಸರಿಹೊಂದಿಸುವ ಹಿತ್ತಾಳೆಯ ಸಿಂಕ್ರೊನೈಜರ್ ರಿಂಗು. ಬಿಸಿಯಲ್ಲಿ ಆ ಮದ್ದು ಹಿತ್ತಾಳೆಯನ್ನು ತಿನ್ನಬಹುದು. ಅದು ನಿಧಾನದ ಕಥೆ, ನನಗೆ ಗೊತ್ತಾದದ್ದು ಅದಕ್ಕಿಂತ ಬೇಗ. ರಿಂಗು ಹಿಡಿಯಬೇಕಾದ ಕಡೆ ಜಾರುತ್ತಿತ್ತು, ಎರಡರಿಂದ ಮೂರಕ್ಕೆ ಹಾಕುವಾಗ ಪ್ರತಿ ಸಲ ಕರ್ ಅನ್ನುತ್ತಿತ್ತು. ಮುಂದಿನ ವರ್ಷ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಜಿಎಲ್-4 ಹಾಕಿದೆ. ಒಂದು ವಾರದೊಳಗೆ ಆ ಸದ್ದು ಮುಕ್ಕಾಲು ಪಾಲು ನಿಂತಿತು. ಉಳಿದ ಕಾಲು ಪಾಲು ನಾನು ಮಾಡಿದ ಸವೆತ, ಅದು ಹೋಗುವುದಿಲ್ಲ.

ಇನ್ನು 140, ಅಂದರೆ 90ಕ್ಕಿಂತ ದಪ್ಪದ ಆಯಿಲ್. ಪಕ್ಕದ ತೋಟದ ಮಾವನ ಪಕ್ಷ ಅದು.

"ಎಂಥ ನೈಂಟಿ ಮಾರಾಯ, ನೀರಿದ್ದ ಹಾಗಿರ್ತದೆ. ಹಿಂದಕ್ಕೆ ಒನ್ ಫಾರ್ಟಿ ಹಾಕು, ಹತ್ತು ವರ್ಷ ಮುಟ್ಟೋದು ಬೇಡ."

ಹಾಕಿದೆ. ಹಿಂದಿನ ಹೌಸಿಂಗಿನಿಂದ ಬರುತ್ತಿದ್ದ ಗುಂಯ್ ಸದ್ದು ತಗ್ಗಿದ್ದು ನಿಜ. ಡಿಸೆಂಬರ್ ಬೆಳಿಗ್ಗೆ ಚಳಿಯಲ್ಲಿ ಮೊದಲೆರಡು ಕಿಲೋಮೀಟರ್ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಆಗುತ್ತಿದ್ದದ್ದೂ ನಿಜ. ಸದ್ದಿನ ಮೂಲ ಬೇರಿಂಗು. ದಪ್ಪ ಆಯಿಲ್ ಅದರ ಬಾಯಿಗೆ ಬಟ್ಟೆ ತುರುಕಿತ್ತು ಅಷ್ಟೇ. ಬೇರಿಂಗ್ ಬದಲಿಸಿ 90ಕ್ಕೇ ವಾಪಸು ಬಂದೆ. 75ಡಬ್ಲ್ಯು-90 ಸಿಂಥೆಟಿಕ್ ಕೂಡ ಒಮ್ಮೆ ನೋಡಿದೆ, ಚಳಿಯಲ್ಲಿ ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಆದರೆ ಬೆಲೆ ಎರಡು ಪಟ್ಟಿಗಿಂತ ಮೇಲೆ. ವರ್ಷ ತುಂಬುವಷ್ಟರಲ್ಲಿ ಹಳ್ಳದ ನೀರು ಸೇರಿ ಚೆಲ್ಲಬೇಕಾದ ಆಯಿಲಿಗೆ ಅಷ್ಟು ದುಡ್ಡು ಹಾಕಲು ನನಗೆ ಮನಸ್ಸು ಬರುವುದಿಲ್ಲ. ಚಿಕ್ಕಮಗಳೂರು ಪೇಟೆಯಲ್ಲೇ ಓಡಾಡುವವರ ಲೆಕ್ಕ ಬೇರೆ.

ಕೆಲಸ ಮಾಡುವ ಜಾಗ ಕಾಫಿ ಒಣಗಿಸುವ ಕಣ. ಅಕ್ಟೋಬರಿನಲ್ಲಿ ಅದು ಖಾಲಿ. ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ಆಯಿಲ್ ಮಟ್ಟ ಸುಳ್ಳು ಹೇಳುತ್ತದೆ. ಮಳೆ ನೀರು ಹರಿದು ಹೋಗಲಿ ಅಂತ ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ನಾನು ಗಾರೆಯವರ ರಸಮಟ್ಟ ತಂದು ಚಾಸಿಯ ಮೇಲಿಟ್ಟು ನೋಡಿ, ತಗ್ಗಿನ ಕಡೆಯ ಎರಡು ಚಕ್ರದಡಿ ಹಲಗೆ ಕೊಡುತ್ತೇನೆ. ಕಣದ ಬಗ್ಗೆ ಅಪ್ಪನದು ಒಂದೇ ಮಾತು: "ಒಂದು ಹನಿ ಬಿದ್ರೂ ಕಾಫಿ ಎಳ್ಕೊಳ್ತದೆ ಕಣೋ." ತಪ್ಪಲ್ಲ, ಕಾಫಿ ಬೇಳೆಗೆ ಪಕ್ಕದ ವಾಸನೆಯೆಲ್ಲ ಬೇಕು. ಹಾಗಾಗಿ ಹಳೇ ಗೊಬ್ಬರದ ಚೀಲ ಎರಡು ಪದರ ಹಾಸಿ, ಅದರ ಮೇಲೆ ತಗಡಿನ ತಟ್ಟೆ.

ಹತ್ತು ಕಿಲೋಮೀಟರ್ ಓಡಿಸಿ ಬಂದು ಬಿಸಿಯಿರುವಾಗಲೇ ಬಿಚ್ಚಬೇಕು. ಮೊದಲು ತುಂಬುವ ಪ್ಲಗ್, ಅದು ಸಡಿಲವಾದ ಮೇಲೆ ಇಳಿಸುವ ಪ್ಲಗ್. ನಾನು ಮೊದಲ ವರ್ಷ ತಿರುಗುಮುರುಗು ಮಾಡಿದೆ. ಗೇರ್‌ಬಾಕ್ಸ್ ಪೂರ್ತಿ ಇಳಿಸಿಯಾಗಿತ್ತು, ಮೇಲಿನ ಪ್ಲಗ್ಗಿಗೆ ಪಾನ ಹಾಕಿ, ಪಾನಕ್ಕೆ ನೀರಿನ ಪೈಪ್ ತೂರಿಸಿ ಒತ್ತಿದೆ. ಪ್ಲಗ್ ತಿರುಗಲಿಲ್ಲ, ಅದರ ಮೂಲೆಗಳು ಸವೆದು ಗುಂಡಾದವು. ಗಾಡಿಯ ಹೊಟ್ಟೆ ಖಾಲಿ, ಬಾಯಿ ಬಂದ್. ನಾಲ್ಕು ದಿನ ಕಣದ ಮೇಲೆ ಹಾಗೇ ನಿಂತಿತ್ತು. ಕೊನೆಗೆ ವೆಲ್ಡಿಂಗಿನವನು ಬಂದು ಪ್ಲಗ್ಗಿನ ತಲೆಗೆ ನಟ್ ಬೆಸೆದು, ಆ ಬಿಸಿಯಲ್ಲೇ ತಿರುಗಿಸಿ ತೆಗೆದ.

ಇಳಿದ ಆಯಿಲನ್ನು ಸುಮ್ಮನೆ ಸುರಿದುಬಿಡಬೇಡಿ, ನೋಡಿ. ನಮ್ಮ ಹಿಂದಿನ ಹೌಸಿಂಗಿನದು ಎರಡು ವರ್ಷ ಥೇಟ್ ಹಾಲು ಹಾಕಿದ ಕಾಫಿ ಬಣ್ಣ. ನೀರು ಸೇರಿದೆ ಅನ್ನಲು ಬೇರೆ ಸಾಕ್ಷಿ ಬೇಡ. ತಳದಲ್ಲಿ ಬೆರಳಿಗೆ ನುಣ್ಣಗೆ ಹತ್ತುವ ಬೂದು ಕೆಸರಿದ್ದರೆ ಅದು ಸಹಜ ಸವೆತ, ಚೂರು ಚೂರು ಸಿಕ್ಕರೆ ಗಾಬರಿಯಾಗಬೇಕು. ಮುಂದಿನದರಲ್ಲಿ ಒಮ್ಮೆ ಎರಡು ಲೀಟರಿಗೆ ಬದಲು ಒಂದೂವರೆಯೂ ಇಳಿಯಲಿಲ್ಲ. ಉಳಿದದ್ದು ಆಕ್ಸಲ್ ಒಳಗಿನ ಸೀಲ್ ದಾಟಿ ಚಕ್ರದ ಹಿಂದೆ ಸ್ಟೀರಿಂಗ್ ತಿರುಗುವ ಗುಂಡಗಿನ ಕೀಲಿನೊಳಗೆ ಹೋಗಿ, ಅಲ್ಲಿದ್ದ ಗ್ರೀಸನ್ನು ಗಂಜಿ ಮಾಡಿತ್ತು. ಟೈರಿನ ಒಳಮೈ ಒದ್ದೆಯಾಗಿದ್ದದ್ದು ಯಾಕೆ ಅಂತ ಆಮೇಲೆ ಹೊಳೆಯಿತು.

ಸರಿ, ತುಂಬಿಸುವುದು.

ಮೊದಲ ಪ್ರಯೋಗ ಸಿರಿಂಜು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 60 ಎಂಎಲ್‌ನದು, ತುದಿಗೆ ಅರ್ಧ ಅಡಿ ಪೈಪ್. ಟ್ರಾನ್ಸ್‌ಫರ್ ಕೇಸಿಗೆ ಹದಿನಾಲ್ಕು ಸಲ, ಪರವಾಗಿಲ್ಲ. ಮುಂದಿನ ಡಿಫರೆನ್ಷಿಯಲ್ಲಿಗೆ ಮೂವತ್ತನಾಲ್ಕು ಸಲ ಎಳೆದು ಒತ್ತಬೇಕು. ಹದಿನೆಂಟನೆಯದೋ ಇಪ್ಪತ್ತನೆಯದೋ ಇರುವಾಗ ಕುತ್ತಿಗೆಗೆ ತಣ್ಣಗೆ ಏನೋ ಹತ್ತಿತು. ಇಂಬಳ. ಎರಡೂ ಕೈ ಆಯಿಲ್, ತೆಗೆಯುವುದು ಹೇಗೆ? ಅದರ ಪಾಡಿಗೆ ಅದು ಕುಡಿಯಿತು, ನನ್ನ ಪಾಡಿಗೆ ನಾನು ಜಿಪ್ಸಿಗೆ ಕುಡಿಸಿದೆ. ಸಿರಿಂಜಿನ ಇನ್ನೊಂದು ದೋಷವೆಂದರೆ ಒಳಗಿನ ಕಪ್ಪು ರಬ್ಬರು ಆಯಿಲಿಗೆ ಊದಿಕೊಳ್ಳುತ್ತದೆ. ಮಾರನೇ ದಿನ ಮೊಳೆ ಹೊಡೆದ ಹಾಗೆ ಕೂತಿತ್ತು.

ಎರಡನೆಯದು ಸ್ಪ್ರೇಯರ್. ಮಾವ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಬೆನ್ನಿನ ಪಂಪನ್ನೇ ತಂದುಕೊಟ್ಟರು, "ತೊಳ್ದಿದೀನಿ, ಹಾಕು" ಅಂತ. ಮೈಲುತುತ್ತು, ಸುಣ್ಣ ಹಾಕಿದ ಪಂಪು ಎಷ್ಟು ತೊಳೆದರೂ ಸುಣ್ಣದ ಹರಳು ಹೋಗುವುದಿಲ್ಲ. ಅದನ್ನು ಬೇರಿಂಗಿಗೆ ಕಳಿಸುವುದೆಂದರೆ ಮರಳು ಕಳಿಸಿದ ಹಾಗೆ. ಬೇಡ ಅಂದೆ, ಮುಖ ಊದಿಸಿಕೊಂಡರು. ಬದಲಿಗೆ ಹೂಗಿಡಕ್ಕೆ ನೀರು ಹೊಡೆಯುವ ಎರಡು ಲೀಟರಿನ ಹೊಸ ಕೈಪಂಪು ತಂದು, ಮೂತಿ ಕಿತ್ತು ಪೈಪ್ ಸಿಕ್ಕಿಸಿದೆ. ತಣ್ಣಗಿನ ಆಯಿಲ್ ಅದರ ಸಣ್ಣ ವಾಲ್ವಿನಲ್ಲಿ ದಾರದ ಹಾಗೆ ಬಂತು. ಬರುತ್ತಿಲ್ಲ ಅಂತ ಇನ್ನೂ ಹತ್ತು ಸಲ ಗಾಳಿ ಒತ್ತಿದೆ. ಪೈಪ್ ಕಿತ್ತುಕೊಂಡು ಹಾವಿನ ಹಾಗೆ ಎದ್ದು, ನನ್ನ ಗಲ್ಲದಿಂದ ಹಣೆಯ ತನಕ ಒಂದು ಪಟ್ಟೆ ಬಳಿಯಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಕ್ಲಿಪ್ ಹಾಕಿ, ಆಯಿಲ್ ಬಿಸಿ ಮಾಡಿಕೊಂಡರೆ ಕೆಲಸ ಆಗುತ್ತದೆ. ನಾನಂತೂ ಮತ್ತೆ ಮಾಡಲಿಲ್ಲ.

ಮೂರನೆಯದಕ್ಕೆ ದುಡ್ಡು ಖರ್ಚಾಯಿತು. ಹಾಸನದ ಬಿ.ಎಂ. ರಸ್ತೆಯಲ್ಲಿ ಬಕೆಟ್ಟಿಗೆ ಕೂರಿಸುವ ಕೈಪಂಪು ಸಾವಿರದ ನಾನೂರಕ್ಕೆ ಸಿಕ್ಕಿತು. ಮೆಚ್ಚಲೇಬೇಕು, ಎರಡು ಲೀಟರು ಮೂರು ನಿಮಿಷ. ಒಬ್ಬರು ಹೊರಗೆ ಒತ್ತಬೇಕು, ಒಬ್ಬರು ಕೆಳಗೆ ಪೈಪ್ ಹಿಡಿಯಬೇಕು. ತೊಂದರೆ ಬಂದದ್ದು ಕೊನೆಗೆ. ತಳದಲ್ಲಿ, ಪೈಪಿನಲ್ಲಿ ಸೇರಿ ಹತ್ತಿರ ಹತ್ತಿರ ಮುನ್ನೂರು ಎಂಎಲ್ ಉಳಿದುಬಿಡುತ್ತದೆ. ಜಿಎಲ್-5 ಮುಗಿಸಿ ಜಿಎಲ್-4ಕ್ಕೆ ಹೋಗುವಾಗ ಅಷ್ಟನ್ನೂ ತೆಗೆದು, ಹೊಸದನ್ನು ಸ್ವಲ್ಪ ಓಡಿಸಿ ಚೆಲ್ಲಬೇಕು. ಗೇರ್‌ಬಾಕ್ಸಿನಿಂದ ಶುರುಮಾಡಿ ಡಿಫರೆನ್ಷಿಯಲ್ಲಿಗೆ ಹೋದರೆ ಕಲಬೆರಕೆಯ ಹಾನಿ ಕಡಿಮೆ, ಆದರೆ ತೊಳೆಯುವ ಶಿಕ್ಷೆ ತಪ್ಪುವುದಿಲ್ಲ. ಐದಾರು ಗಾಡಿ ಇರುವ ಮನೆಗೆ ಸರಿ. ಒಂದು ಜಿಪ್ಸಿಗೆ ಆನೆ ಸಾಕಿದ ಹಾಗೆ.

ನಾಲ್ಕನೆಯದು, ನಾನು ಈಗ ಮಾಡುವುದು, ಆಳಿಕೆ ಮತ್ತು ಲೆವೆಲ್ ಪೈಪು. ಗಾರೆಯವರು ನೀರುಮಟ್ಟ ನೋಡುವ ಪಾರದರ್ಶಕ ಪೈಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬಾನೆಟ್ ಎತ್ತಿ, ಎಂಜಿನ್ ಪಕ್ಕದ ಸಂದಿಯಲ್ಲಿ ಪೈಪ್ ಇಳಿಬಿಟ್ಟು, ಕೆಳತುದಿಯನ್ನು ತೂತಿಗೆ ತೂರಿಸಿ, ಮೇಲ್ತುದಿಗೆ ಆಳಿಕೆ. ಒತ್ತುವುದಿಲ್ಲ, ಎಳೆಯುವುದಿಲ್ಲ. ಮೊದಲ ಸಲ ತಣ್ಣಗೇ ಸುರಿದು, ಎರಡು ಲೀಟರು ಇಳಿಯಲು ಇಪ್ಪತ್ತೈದು ನಿಮಿಷ ಕಾದೆ. ಅಮ್ಮ ನೋಡಿ, "ಹಂಡೆ ನೀರು ಕಾದಿದೆ, ಅದ್ರಲ್ಲಿಡು ಮಾರಾಯ, ತುಪ್ಪ ಕರಗ್ಸಲ್ವಾ?" ಅಂದರು. ಬಕೆಟ್ಟಿಗೆ ಹಂಡೆಯ ಬಿಸಿನೀರು ಹಾಕಿ ಮುಚ್ಚಿದ ಡಬ್ಬಿಗಳನ್ನು ಕಾಲು ಗಂಟೆ ನಿಲ್ಲಿಸಿದೆ. ಅದೇ ಎರಡು ಲೀಟರು ಎಂಟು ನಿಮಿಷಕ್ಕೆ ಇಳಿಯಿತು. ಡಬ್ಬಿಯ ಹೊರಗಿನ ನೀರು ಒರೆಸಿಯೇ ಬಿಚ್ಚಬೇಕು, ಇಲ್ಲದಿದ್ದರೆ ಹಳ್ಳದ ಕೆಲಸ ನಾವೇ ಮಾಡಿದ ಹಾಗಾಗುತ್ತದೆ. ಪೈಪ್ ಪಾರದರ್ಶಕವಾದ್ದರಿಂದ ಆಯಿಲ್ ಎಲ್ಲಿ ನಿಂತಿದೆ, ಎಲ್ಲಿ ಗಾಳಿಗುಳ್ಳೆ ಸಿಕ್ಕಿದೆ ಎಲ್ಲ ಕಾಣುತ್ತದೆ. ಹಿಂದಿನ ಹೌಸಿಂಗಿಗೆ ಬಾನೆಟ್ಟಿನ ಎತ್ತರ ಇಲ್ಲ. ಹಿಂಬಾಗಿಲು ತೆಗೆದು ಆಳಿಕೆಯನ್ನು ಅದರ ಚಿಲಕಕ್ಕೆ ಕಟ್ಟುತ್ತೇನೆ. ಎತ್ತರ ಕಮ್ಮಿ, ಹಾಗಾಗಿ ಇನ್ನೂ ನಿಧಾನ. ಆ ಹೊತ್ತಿಗೆ ಕಾಫಿ ಕುಡಿದು ಬರಬಹುದು.

ಯಾವ ದಾರಿಯಲ್ಲಿ ತುಂಬಿದರೂ ಅಳತೆ ಹೇಳುವುದು ಕಿರುಬೆರಳು. ತೂತಿನೊಳಗೆ ಬಗ್ಗಿಸಿ ಹಾಕಿದರೆ ಕೆಳ ಅಂಚಿನಲ್ಲೇ ಆಯಿಲ್ ಹತ್ತಬೇಕು. ಹೊರಗೆ ಸುರಿಯಲು ಶುರುವಾದರೆ ಒಂದೆರಡು ನಿಮಿಷ ಬಿಟ್ಟು, ಜಿನುಗುವುದು ನಿಂತ ಮೇಲೆ ಪ್ಲಗ್ಗಿನ ಥ್ರೆಡ್ಡಿಗೆ ಸ್ವಲ್ಪ ಸೀಲೆಂಟ್ ಸವರಿ ಬಿಗಿಯುತ್ತೇನೆ.

ಗ್ಯಾರೇಜಿನ ವರ್ಷ ಏನಾಯಿತು ಅಂದರೆ, ಮುಕ್ಕಾಲು ಗಂಟೆಯಲ್ಲಿ ಗಾಡಿ ಕೈಗೆ ಬಂತು, ಮೈಗೆ ಒಂದು ಹನಿ ಹತ್ತಲಿಲ್ಲ. ಅನುಮಾನ ಬಂದು ಮನೆಯಲ್ಲಿ ಪ್ಲಗ್ ಬಿಚ್ಚಿ ನೋಡಿದೆ. ನಾಲ್ಕಕ್ಕೂ ಒಂದೇ ಡ್ರಮ್ಮಿನ ಆಯಿಲ್, ಅದೇ ಇಂಗಿನ ವಾಸನೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಬೆರಳು ಪೂರ್ತಿ ಹಾಕಿದರೂ ಆಯಿಲ್ ಸಿಗಲಿಲ್ಲ. ಎಲ್ಲ ಗ್ಯಾರೇಜೂ ಹಾಗೆ ಅನ್ನುವುದಿಲ್ಲ. ಆಯಿಲ್ ನಾವೇ ಕೊಂಡೊಯ್ದು, ಪಕ್ಕದಲ್ಲಿ ನಿಂತು ಮಾಡಿಸಿದರೆ ಆದೀತು. ಅಷ್ಟು ಹೊತ್ತು ನಿಲ್ಲುವುದಾದರೆ ಮನೆಯಲ್ಲೇ ಮಲಗಿ ಮಾಡಬಹುದಲ್ಲ ಅನ್ನುವುದು ನನ್ನ ಲೆಕ್ಕ.

ಹಳೇ ಆಯಿಲನ್ನು ನಮ್ಮ ಕಡೆ ಬೇಲಿ ಗೂಟಕ್ಕೆ ಬಳಿಯುವ ರೂಢಿ, ಗೆದ್ದಲು ಹತ್ತುವುದಿಲ್ಲ ಅಂತ. ನಾನೂ ಬಳಿದಿದ್ದೆ. ಮೊದಲ ಮಳೆಗೆ ಹಳ್ಳದ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಂಡಿತು. ಆ ಹಳ್ಳದಿಂದಲೇ ಕೆಳಗಿನ, ಕೆಲಸಗಾರರ ಲೈನ್ ಮನೆಗಳಿಗೆ ನೀರು. ಈಗ ಅದೇ ಡಬ್ಬಿಗಳಿಗೆ ತುಂಬಿಸಿ, ಮರುಬಳಕೆಗೆ ಆಯಿಲ್ ಎತ್ತಿಸುವ ವರ್ಕ್‌ಶಾಪಿನ ಡ್ರಮ್ಮಿಗೆ ಕೊಡುತ್ತೇನೆ.

ಈ ಸಲ ಎಲ್ಲ ಸೇರಿ ಮೂರು ಗಂಟೆ ಹಿಡಿಯಿತು. ಮಾರನೇ ಬೆಳಿಗ್ಗೆ ನೋಡಿದರೆ ಟ್ರಾನ್ಸ್‌ಫರ್ ಕೇಸಿನ ಕೆಳಗೆ ಗೊಬ್ಬರದ ಚೀಲದ ಮೇಲೆ ಎಂಟಾಣೆಯಷ್ಟು ಒಂದು ಕಲೆ. ಕಾಲು ಸುತ್ತು ಬಿಗಿದೆ. ಐವತ್ತು ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ನೋಡಿದೆ, ಒಣಗಿತ್ತು. ಬಿ.ಎಂ. ರಸ್ತೆಯ ಪಂಪು ಮಾವನ ಟ್ರ್ಯಾಕ್ಟರ್ ಶೆಡ್ಡಿಗೆ ಹೋಗಿದೆ. ಅದರಲ್ಲಿ ಅವರು ಒನ್ ಫಾರ್ಟಿಯನ್ನೇ ಹೊಡೆಯುತ್ತಿದ್ದಾರೆ.